ಜಿಪ್ಸಿ ಮುಂದಿನ ಸಸ್ಪೆನ್ಷನ್: ಶ್ಯಾಕಲ್ ಹಿಂದಕ್ಕೆ ಹಾಕಿಸೋದಾ, ಸ್ಪ್ರಿಂಗನ್ನು ಆಕ್ಸಲ್ ಮೇಲೆ ಕೂರಿಸೋದಾ?

ತೋಟದ_ಜಿಪ್ಸಿ

ನಮ್ಮದು 2008ರ ಜಿಪ್ಸಿ ಕಿಂಗ್, 1.3 ಲೀಟರ್ ಪೆಟ್ರೋಲ್. ಸಕಲೇಶಪುರದ ಹತ್ತಿರ ಕಾಫಿ ತೋಟ. ಮನೆಯಿಂದ ತೋಟದ ಕೊನೆಗೆ ಮೂರು ಕಿಲೋಮೀಟರ್ ಮಣ್ಣಿನ ದಾರಿ, ಮಧ್ಯೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಬಂಡೆ ಎದ್ದಿರುವ ಏರು. ಗೊಬ್ಬರ, ಆಳುಗಳು, ಕೊಯ್ಲಿನ ಮೂಟೆ ಎಲ್ಲಾ ಇದರಲ್ಲೇ. ತಿಂಗಳಿಗೆ ಎರಡು ಸಲ ಹಾಸನಕ್ಕೆ, ಆಗಾಗ ಶಿರಾಡಿ ಇಳಿದು ಮಂಗಳೂರಿಗೂ ಇದೇ ಗಾಡಿ.

ತೊಂದರೆ ಎರಡು. ಮುಂದಿನ ಸ್ಪ್ರಿಂಗ್ ಕಲ್ಲಿನ ಹಾಗಿದೆ, ಅಪ್ಪನಿಗೆ 68 ವರ್ಷ, ಪಕ್ಕದಲ್ಲಿ ಕೂತು ಹೋದ ದಿನ ರಾತ್ರಿಯಿಡೀ ಸೊಂಟ ನೋವು ಅಂತಾರೆ. ಇನ್ನೊಂದು, ಆ ಏರಿನಲ್ಲಿ ಮುಂದಿನ ಆಕ್ಸಲ್ (ಎರಡು ಚಕ್ರಗಳ ನಡುವಿನ ಅಡ್ಡ ಕೊಳವೆ) ಕೆಳಗಿನ ಯು-ಬೋಲ್ಟ್ ಪ್ಲೇಟ್, ಅಂದರೆ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಪ್ಲೇಟ್, ಬಂಡೆಗೆ ಸಿಕ್ಕಿ ಗಾಡಿ ನಿಂತುಬಿಡುತ್ತದೆ.

ಒಂದು ಗ್ಯಾರೇಜಿನವರು ಈಗ ಆಕ್ಸಲ್ ಕೆಳಗಿರುವ ಸ್ಪ್ರಿಂಗನ್ನು ಅದರ ಮೇಲಕ್ಕೆ ಹಾಕೋಣ, ಐದು ಇಂಚು ಎತ್ತರ ಸಿಗುತ್ತದೆ ಅಂತಾರೆ. ಸ್ನೇಹಿತ ಶ್ಯಾಕಲ್ (ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ, ಆಡುವ ಕೊಂಡಿ) ಮುಂದಿನ ತುದಿಯಿಂದ ಹಿಂದಕ್ಕೆ ತಿರುಗಿಸಿ ಹಾಕಿಸು ಅಂತಾನೆ. ಉದ್ದದ ಶ್ಯಾಕಲ್ ಹಾಕಿದರೆ ಸಾಕು, ಖರ್ಚೂ ಕಡಿಮೆ ಅನ್ನೋರೂ ಇದ್ದಾರೆ. ಮಾಡಿಸಿದವರು ಹೇಳಿ. ದಾರಿ ಸರಿಮಾಡಿಸು ಅನ್ನಬೇಡಿ, ಪ್ರತಿ ವರ್ಷ ಮಾಡಿಸುತ್ತೇವೆ, ಪ್ರತಿ ಮಳೆಗಾಲ ಕೊಚ್ಚಿಕೊಂಡು ಹೋಗುತ್ತದೆ.

ಫೋರ್‌ಲೋ

ಉದ್ದದ ಶ್ಯಾಕಲ್ ಮೊದಲು ತಲೆಯಿಂದ ತೆಗೆದುಹಾಕಿ. ಎರಡು ಇಂಚು ಉದ್ದ ಮಾಡಿದರೆ ಸಿಗುವ ಎತ್ತರ ಹೆಚ್ಚುಕಡಿಮೆ ಒಂದೇ ಇಂಚು. ಅದಕ್ಕಿಂತ ಮುಖ್ಯ, ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತದಲ್ಲ, ಜಿಪ್ಸಿಯ ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ತಿರುಗುವ ಗೂಟ) ಕೂಡ ಹಾಗೇ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಅದಕ್ಕೇ ಕ್ಯಾಸ್ಟರ್ ಅನ್ನೋದು. ತಿರುವಿನ ನಂತರ ಸ್ಟೀರಿಂಗ್ ತಾನಾಗೇ ನೇರಕ್ಕೆ ಬರೋದು ಅದರಿಂದ. ಜಿಪ್ಸಿಯಲ್ಲಿ ಮುಂದಿನ ಶ್ಯಾಕಲ್ ಸ್ಪ್ರಿಂಗಿನ ಮುಂದಿನ ತುದಿಯಲ್ಲಿದೆ. ಅದನ್ನು ಉದ್ದ ಮಾಡಿದಷ್ಟೂ ಆಕ್ಸಲ್ ಮುಂದಕ್ಕೆ ಉರುಳಿ ಕ್ಯಾಸ್ಟರ್ ಕಡಿಮೆಯಾಗುತ್ತದೆ. ತೋಟದಲ್ಲಿ ಗೊತ್ತಾಗಲ್ಲ. ಹೆದ್ದಾರಿಯಲ್ಲಿ ಗಾಡಿ ಅತ್ತ ಇತ್ತ ಅಲೆಯೋಕೆ ಶುರು ಮಾಡುತ್ತದೆ.

ಶ್ಯಾಕಲ್ ತಿರುಗಿಸೋದು ಬೇರೆ ಮಾತು, ಅದರಲ್ಲಿ ಅರ್ಥ ಇದೆ. ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಪ್ಲೇಟುಗಳ ಸ್ಪ್ರಿಂಗ್, ಒತ್ತಿದಾಗ ಚಪ್ಪಟೆಯಾಗಿ ಉದ್ದ ಆಗುತ್ತದೆ. ಈಗ ಹಿಂದಿನ ತುದಿ ಗಟ್ಟಿಯಾಗಿ ಕೂತಿರುವುದರಿಂದ ಆ ಉದ್ದವೆಲ್ಲಾ ಮುಂದಕ್ಕೇ ಹೋಗಬೇಕು. ಅಂದರೆ ಚಕ್ರ ಕಲ್ಲಿಗೆ ಬಡಿಯುವ ಹೊತ್ತಿಗೆ ಸ್ಪ್ರಿಂಗ್ ಅದನ್ನು ಕಲ್ಲಿನ ಮೇಲಕ್ಕೇ ನೂಕುತ್ತಿರುತ್ತದೆ. ನಿಮ್ಮ ಅಪ್ಪನ ಸೊಂಟಕ್ಕೆ ಬೀಳುವ ಪೆಟ್ಟಿನಲ್ಲಿ ಇದರ ಪಾಲೂ ಇದೆ. ಶ್ಯಾಕಲ್ ಹಿಂದಕ್ಕೆ ಬಂದರೆ ಚಕ್ರ ಮೇಲೆ ಏರುತ್ತಾ ಹಿಂದಕ್ಕೆ ಸರಿದು ದಾರಿ ಬಿಡುತ್ತದೆ. ಆದರೆ ಬ್ರೇಕ್ ಹಿಡಿದಾಗ ಮೂತಿ ಜಾಸ್ತಿ ಕುಸಿಯುತ್ತದೆ, ಆಕ್ಸಲ್ ಹಿಂದಕ್ಕೆ ಸರಿಯುವುದರಿಂದ ಮುಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರಾಪೆಲ್ಲರ್ ಶಾಫ್ಟಿನ ಸ್ಲಿಪ್ ಜಾಯಿಂಟ್‌ನಲ್ಲಿ (ಒಳಗೆ ಹೊರಗೆ ಜಾರುವ ಜೋಡಣೆಯಲ್ಲಿ) ಜಾಗ ಸಾಲದೆ ಹೋಗಬಹುದು. ಅದು ಪೂರ್ತಿ ಒಳಗೆ ಹೋಗಿ ಬಡಿದರೆ ಟ್ರಾನ್ಸ್‌ಫರ್ ಕೇಸ್‌ನ (ಹಿಂದೆ ಮುಂದೆ ಎರಡೂ ಕಡೆಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆಯ) ಬೇರಿಂಗ್‌ಗೆ ಪೆಟ್ಟು. ವೆಲ್ಡಿಂಗ್ ಮಾಡುವವನು ಶಾಫ್ಟ್ ಅಳತೆ ತೆಗೆದುಕೊಳ್ಳದೆ ಕೆಲಸಕ್ಕೆ ಕೈ ಹಾಕಿದರೆ ಗಾಡಿ ವಾಪಸ್ ತನ್ನಿ.

ಮಲ್ನಾಡ್_413

ನಾನು ಸ್ಪ್ರಿಂಗನ್ನು ಆಕ್ಸಲ್ ಮೇಲೆ ಕೂರಿಸಿದ ಜಿಪ್ಸಿಯನ್ನು ನಾಲ್ಕು ವರ್ಷ ಓಡಿಸಿದವನು. ಬಂಡೆಯ ಮೇಲೆ ಅದರ ಸುಖವೇ ಬೇರೆ ಮಾರಾಯ್ರೆ. ಕೆಳಗೆ ಸಿಕ್ಕಿಕೊಳ್ಳೋಕೆ ಯು-ಬೋಲ್ಟ್ ಪ್ಲೇಟೇ ಇರುವುದಿಲ್ಲ, ಬರೀ ಆಕ್ಸಲ್ ಕೊಳವೆ. ಆದರೆ ಆಕ್ಸಲ್ ಮಧ್ಯದಲ್ಲಿ ಗೇರುಗಳಿರುವ ಡಿಫರೆನ್ಷಿಯಲ್ ಗುಂಡು ಒಂದು ಮಿಲಿಮೀಟರೂ ಮೇಲೆ ಏರುವುದಿಲ್ಲ, ಇದು ತುಂಬಾ ಜನಕ್ಕೆ ಹೊಳೆಯುವುದೇ ಇಲ್ಲ. ಅದನ್ನು ಎತ್ತೋದು ಟೈರ್ ಮಾತ್ರ.

ಐದು ಇಂಚು ಎತ್ತಿದ ಮೇಲೆ ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಬರುವ ಡ್ರ್ಯಾಗ್ ಲಿಂಕ್ ಅನ್ನೋ ಸರಳು ಕಡಿದಾಗಿ ಓರೆಯಾಗುತ್ತದೆ. ಹಳ್ಳಕ್ಕೆ ಬಿದ್ದಾಗಲೆಲ್ಲಾ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ನನಗೆ ಮಾಡಿಕೊಟ್ಟವರು ಹಳೇ ಲಿಂಕನ್ನೇ ಬಿಟ್ಟಿದ್ದರು. ಬ್ರೇಕ್ ಹೋಸ್ ಕೂಡ ಹಳೆಯದೇ. ಒಂದು ದಿನ ಬಿಸ್ಲೆ ಕಡೆ ಎಡಗಡೆ ಚಕ್ರ ಪೂರ್ತಿ ಕೆಳಗೆ ಇಳಿದಾಗ ಹೋಸ್ ತಂತಿಯ ಹಾಗೆ ಬಿಗಿದು ನಿಂತಿತ್ತು. ಹೆಂಡತಿ, ಮಗು ಗಾಡಿಯಲ್ಲಿದ್ದರು. ಈಗಲೂ ನೆನೆಸಿಕೊಂಡರೆ ಕೈ ತಣ್ಣಗಾಗುತ್ತದೆ. ಆಮೇಲೆ ಬಾಗಿಸಿದ ಲಿಂಕ್, ಉದ್ದದ ಹೋಸ್, ಉದ್ದದ ಶಾಕ್ ಅಬ್ಸಾರ್ಬರ್, ಆಕ್ಸಲ್ ತೀರಾ ಮೇಲಕ್ಕೆ ಬರದಂತೆ ತಡೆಯುವ ಬಂಪ್ ಸ್ಟಾಪ್ ಎಲ್ಲಾ ಹಾಕಿಸಿದೆ. ಅಷ್ಟಾದರೂ ಶಿರಾಡಿಯ ತಿರುವುಗಳಲ್ಲಿ ಗಾಡಿ ವಾಲುವುದು ತಪ್ಪಲಿಲ್ಲ. ನಿಮ್ಮ ಗಾಡಿಯಲ್ಲಿ ಆಳುಗಳು ಕೂರುತ್ತಾರೆ ಅಂದಿರಿ. ಅದಕ್ಕೇ ನಾನು ಬೇಡ ಅನ್ನೋದು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ರೂಪವನ್ನು ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು ಅಂತ ಬಂತು. ದಂಡ ಕಟ್ಟಿಬಿಡಬಹುದು. ಅಪಘಾತವಾಗಿ ಇನ್ಶೂರೆನ್ಸ್‌ನವರು ತಕರಾರು ತೆಗೆದರೆ ಏನು ಮಾಡ್ತೀರಿ?

ಫೋರ್‌ಲೋ

ಅವರು ಹೇಳಿದ್ದು ಸರಿ. ಒಂದು ಕೇಳುತ್ತೇನೆ, ಸ್ಪ್ರಿಂಗ್ ಕೊನೆಗೆ ಬಿಚ್ಚಿದ್ದು ಯಾವಾಗ? ಮಳೆ, ಕೆಸರಿನಲ್ಲಿ ಓಡಿದ ಗಾಡಿಯಲ್ಲಿ ಪ್ಲೇಟುಗಳ ನಡುವೆ ತುಕ್ಕು ಹಿಡಿದು ಒಂದರ ಮೇಲೊಂದು ಜಾರುವುದೇ ಇಲ್ಲ. ಆಗ ಅದು ಸ್ಪ್ರಿಂಗ್ ಅಲ್ಲ, ದಿಮ್ಮಿ. ಎತ್ತರ ಬದಲಿಸುವ ಮೊದಲು ಅದನ್ನು ನೋಡಿ. ಹಾಗೇ ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ. ಆಗಲೂ ಅಲ್ಲಾಡಿದರೆ ಕಿಂಗ್‌ಪಿನ್ ಬೇರಿಂಗ್, ನಿಂತರೆ ವೀಲ್ ಬೇರಿಂಗ್.

ತೋಟದ_ಜಿಪ್ಸಿ

ಭಾನುವಾರ ನೋಡಿದೆವು. ಬಲಗಡೆ ಕಿಂಗ್‌ಪಿನ್ ಆಟ ಇದೆ. ಸ್ಪ್ರಿಂಗ್ ನಮ್ಮ ಕೈಗೆ ಬಂದ ಹತ್ತು ವರ್ಷದಲ್ಲಿ ಬಿಚ್ಚಿಯೇ ಇಲ್ಲ. ಪ್ಲೇಟುಗಳ ನಡುವೆ ಬ್ಲೇಡ್ ತೂರಿಸೋಕೂ ಆಗಲಿಲ್ಲ. ಒಂದು ಶ್ಯಾಕಲ್ ಬುಷ್ (ಬೋಲ್ಟಿನ ಸುತ್ತ ಇರುವ ರಬ್ಬರ್) ಪುಡಿಯಾಗಿ ಉದುರಿತು.

ಆಕ್ಸಲ್ ಮೇಲೆ ಕೂರಿಸೋ ಯೋಚನೆ ಬಿಟ್ಟೆ. ಬಿಚ್ಚಿ, ತುಕ್ಕು ಉಜ್ಜಿ, ಬುಷ್, ಬೇರಿಂಗ್ ಹೊಸದು ಹಾಕಿಸುತ್ತೇನೆ. ಮೆದುವಾಗಲಿ ಅಂತ ಒಂದು ಪ್ಲೇಟ್ ತೆಗೆದುಬಿಡಲಾ? ಬಂಡೆಗೆ ಏನು ಮಾಡಲಿ?

ಫೋರ್‌ಲೋ

ಪ್ಲೇಟ್ ತೆಗೆಯಬೇಡಿ. ಮುಂಭಾಗ ಕೂತುಬಿಡುತ್ತದೆ, ಭಾರವೆಲ್ಲಾ ಉಳಿದ ಪ್ಲೇಟುಗಳ ಮೇಲೆ ಬಿದ್ದು ಒಂದು ದಿನ ಮೇನ್ ಪ್ಲೇಟೇ ಕಟ್ ಆಗುತ್ತದೆ. ಬಂಡೆಗೆ ಟೈರ್ ನೋಡಿ. ಈಗಿನ 205/70 ಆರ್15 ಬದಲು 215/75 ಹಾಕಿದರೆ ಸುಮಾರು 18 ಮಿಲಿಮೀಟರ್ ಏರುತ್ತದೆ, ಯು-ಬೋಲ್ಟ್ ಪ್ಲೇಟ್, ಡಿಫರೆನ್ಷಿಯಲ್ ಎರಡೂ ಅಷ್ಟೇ ಏರುತ್ತವೆ. 235/75 ಹಾಕಿದರೆ 33 ಮಿಲಿಮೀಟರ್ ಬರುತ್ತದೆ, ಆದರೆ ಗೇರಿಂಗ್ ಹತ್ತಿರ ಹತ್ತಿರ ಹತ್ತು ಪರ್ಸೆಂಟ್ ಉದ್ದವಾಗಿ, ಅಂದರೆ ಎಳೆಯುವ ಬಲ ಕಡಿಮೆಯಾಗಿ, ಮೂಟೆ ಹೊತ್ತು ಏರುವಾಗ ಇಂಜಿನ್ ಒದ್ದಾಡುತ್ತದೆ. ನಿಮ್ಮ ಕೆಲಸಕ್ಕೆ 215 ಸಾಕು. ಅದಕ್ಕೂ ಇನ್ಶೂರೆನ್ಸ್‌ನವರನ್ನು ಮೊದಲೇ ಕೇಳಿಕೊಳ್ಳಿ.

ಇದೆಲ್ಲಾ ಆದ ಮೇಲೂ ಅಪ್ಪನಿಗೆ ಕಷ್ಟವಾದರೆ ಶ್ಯಾಕಲ್ ವಿಷಯ ಮಾತಾಡೋಣ.

ಮಲ್ನಾಡ್_413

ವಾಪಸ್ ಕೂರಿಸುವಾಗ ಒಂದು ನೆನಪಿರಲಿ. ಶ್ಯಾಕಲ್ ಬೋಲ್ಟುಗಳನ್ನು ಗಾಡಿ ಜಾಕ್ ಮೇಲಿರುವಾಗ ಬಿಗಿ ಮಾಡಬೇಡಿ. ಕೆಳಗೆ ಇಳಿಸಿ, ಭಾರ ಚಕ್ರದ ಮೇಲೆ ಬಿದ್ದ ಮೇಲೆ ಬಿಗಿ ಮಾಡಿ. ಇಲ್ಲದಿದ್ದರೆ ಹೊಸ ಬುಷ್ ತಿರುಚಿಕೊಂಡೇ ಕೂತು, ಸ್ಪ್ರಿಂಗ್ ಮತ್ತೆ ಗಟ್ಟಿ ಅನಿಸುತ್ತದೆ, ಬುಷ್ ಕೂಡ ಬೇಗ ಹರಿಯುತ್ತದೆ.