ವಿಯೆಟ್ನಾಂ ಹುಡುಗಿ, ಅವರ ಪದ್ಧತಿಯ ಮದುವೆ: ಹುಡುಗನ ಕಡೆಯವರು ಏನೇನು ಸಿದ್ಧ ಮಾಡಿಕೊಳ್ಳಬೇಕು?

ಪ್ರಶ್ನೆ

ನಾನು ತೀರ್ಥಹಳ್ಳಿ ಕಡೆಯವನು, ಸಿಂಗಪುರದಲ್ಲಿ ಕೆಲಸ. ಹುಡುಗಿ ದಕ್ಷಿಣ ವಿಯೆಟ್ನಾಂನ ಕಾನ್ ಥೋ ಊರಿನವಳು. ಎರಡೂ ಮನೆಯಲ್ಲಿ ಒಪ್ಪಿಗೆ ಆಗಿದೆ. ನಮ್ಮೂರಲ್ಲಿ ಒಂದು ಮದುವೆ ಇದ್ದೇ ಇರುತ್ತದೆ, ಅದು ಅಮ್ಮನ ಜವಾಬ್ದಾರಿ. ಅದಕ್ಕೂ ಮೊದಲು ಅವರ ಮನೆಯಲ್ಲಿ, ಅವರ ಪದ್ಧತಿಯಂತೆ ಪೂರ್ತಿ ಮದುವೆ ಆಗಬೇಕು ಅನ್ನುವುದು ಅವಳ ಅಪ್ಪನ ಆಸೆ. ನನ್ನ ಕಡೆಯಿಂದ ಏಳೆಂಟು ಜನ ಬರಬಹುದು, ಅಷ್ಟೇ. ಅಪ್ಪ ಅಮ್ಮ ಸಸ್ಯಾಹಾರಿಗಳು. ಹುಡುಗಿಯನ್ನು ಕೇಳಿದರೆ "ನೀನು ಬಂದರೆ ಸಾಕು, ಅಮ್ಮ ಎಲ್ಲ ನೋಡಿಕೊಳ್ಳುತ್ತಾಳೆ" ಅನ್ನುತ್ತಾಳೆ. ಹಾಗೆ ಬಿಟ್ಟುಬಿಡಬಹುದಾ? ಅಲ್ಲಿ ಮದುವೆಯಾದ ಕನ್ನಡದವರು ಯಾರಾದರೂ ಇದ್ದರೆ ಹೇಳಿ.

ವಿನ್ ಲಾಂಗ್ ಅಳಿಯ, ಊರು ದಾವಣಗೆರೆ

"ಬಂದರೆ ಸಾಕು" ಅನ್ನುವುದು ಪ್ರೀತಿಯ ಮಾತು. ಅದನ್ನೇ ನಂಬಿ ಕೂರಬೇಡಿ. ಹುಡುಗಿ ಮನೆಯವರು ಅವರ ಕೆಲಸ ನೋಡಿಕೊಳ್ಳುತ್ತಾರೆ. ಹುಡುಗನ ಕಡೆಯ ಕೆಲಸವನ್ನೂ ಅವರೇ ಮಾಡಿದರೆ ನೋಡುವವರಿಗೆ ಚೆನ್ನಾಗಿರುವುದಿಲ್ಲ, ಅಲ್ವಾ?

ಅಲ್ಲಿ ಮನೆಯಲ್ಲಿ ನಡೆಯುವ ಮದುವೆಗೆ ಪುರೋಹಿತರು ಇರುವುದಿಲ್ಲ. ಎರಡು ಮನೆತನದ ಹಿರಿಯರು ಎದುರುಬದುರು ನಿಂತು ಮಾತಾಡುವುದೇ ಶಾಸ್ತ್ರ. ಹಾಗಾಗಿ ಬಟ್ಟೆ, ಹಾಲ್, ಫೋಟೋಗಳ ಚಿಂತೆ ಆಮೇಲೆ. ಮೊದಲು ಎರಡು ವಿಷಯ ತೀರ್ಮಾನ ಮಾಡಿ. ನಿಮ್ಮ ಕಡೆಯಿಂದ ಮಾತಾಡುವ ಹಿರಿಯರು ಯಾರು? ಅಲ್ಲಿ ನಿಮ್ಮ "ಮನೆ" ಯಾವುದು?

ದಿಬ್ಬಣ ಹುಡುಗನ ಮನೆಯಿಂದ ಹೊರಡಬೇಕು. ನಿಮಗೆ ಅಲ್ಲಿ ಮನೆ ಇಲ್ಲ. ಹುಡುಗಿ ಮನೆಯಿಂದ ಹತ್ತಿಪ್ಪತ್ತು ನಿಮಿಷದ ದಾರಿಯಲ್ಲಿ ಒಂದು ಹೋಟೆಲ್ ಅಥವಾ ಬಾಡಿಗೆ ಮನೆ ಹಿಡಿಯಿರಿ. ಹುಡುಗಿ ಮನೆಗೆ ಒಯ್ಯುವ ಕಾಣಿಕೆಯ ತಟ್ಟೆಗಳು ಅಲ್ಲಿಗೇ ಬರುತ್ತವೆ, ಅಲ್ಲಿಂದಲೇ ಸಾಲಾಗಿ ಹೊರಡುತ್ತವೆ. ಹುಡುಗಿ ಮನೆ ಬಾಗಿಲಲ್ಲಿ ನಿಮ್ಮ ಹಿರಿಯರು ಮುಂದೆ ನಿಲ್ಲುತ್ತಾರೆ. ಜೊತೆಗೆ ಮದ್ಯದ ಸಣ್ಣ ಹೂಜಿ, ಎರಡು ಬಟ್ಟಲು ಇಟ್ಟ ತಟ್ಟೆ ಹಿಡಿದ ಒಬ್ಬ ಹುಡುಗ. ಒಳಗೆ ಬರಲು ಅಪ್ಪಣೆ ಕೇಳುತ್ತಾರೆ. ಆ ಕಡೆಯ ಹಿರಿಯರು ಉತ್ತರ ಕೊಟ್ಟ ಮೇಲೆಯೇ ಒಳಗೆ ಪ್ರವೇಶ. ಇದು ಸುಮ್ನೆ ನಾಟಕ ಅಂತ ಅಂದುಕೊಳ್ಳಬೇಡಿ. ನೆರೆಹೊರೆಯವರೆಲ್ಲ ಹುಡುಗನ ಮನೆತನವನ್ನು ಅಳೆಯುವುದು ಆ ಐದು ನಿಮಿಷದಲ್ಲೇ.

ನಿಮ್ಮ ದೊಡ್ಡಪ್ಪನೋ ಸೋದರಮಾವನೋ ಕನ್ನಡದಲ್ಲೇ ನಾಲ್ಕು ಮಾತು ಹೇಳಲಿ. ಪಕ್ಕದಲ್ಲಿ ವಿಯೆಟ್ನಾಮಿ ಭಾಷೆಗೆ ತಿರುಗಿಸುವವರು ಒಬ್ಬರಿರಲಿ. ಹುಡುಗಿಯೇ ಅನುವಾದ ಮಾಡುತ್ತಾಳೆ ಅಂತ ಮಾತ್ರ ಇಟ್ಟುಕೊಳ್ಳಬೇಡಿ, ಆ ಹೊತ್ತಿಗೆ ಅವಳು ಒಳಕೋಣೆಯಲ್ಲಿ ಇರಬೇಕು, ಕರೆದಾಗಲೇ ಹೊರಗೆ ಬರುವುದು. ನನ್ನ ಕಡೆ ನಮ್ಮ ಸೋದರಮಾವ ಮಾತಾಡಿದರು. ಹೆಂಡತಿಯ ಕಾಲೇಜು ಗೆಳೆಯನೊಬ್ಬ ಅದನ್ನು ಸಾಲು ಸಾಲಾಗಿ ಹೇಳಿದ. ಅಜ್ಜಿಯರು ಇವತ್ತಿಗೂ ಆ ಮಾತನ್ನು ನೆನೆಯುತ್ತಾರೆ.

ಆಮೇಲೆ ತಟ್ಟೆಗಳ ಕೆಂಪು ಬಟ್ಟೆ ತೆಗೆಯುತ್ತಾರೆ. ಹುಡುಗಿಯನ್ನು ಕರೆತರುತ್ತಾರೆ. ಗತಿಸಿದ ಹಿರಿಯರ ಫೋಟೋ ಇರುವ ಪೀಠದ ಮುಂದೆ ದೊಡ್ಡ ಜೋಡಿ ಮೇಣದಬತ್ತಿ ಹಚ್ಚಿ, ಊದುಬತ್ತಿ ಹಿಡಿದು ಇಬ್ಬರೂ ತಲೆಬಾಗುತ್ತೀರಿ. ನಮ್ಮವರಿಗೆ ಇದು ಕಷ್ಟವೇ ಅಲ್ಲ. ಆಮೇಲೆ ಎರಡೂ ಕಡೆಯ ಹಿರಿಯರಿಗೆ ಚಹಾ ಇಲ್ಲವೇ ಮದ್ಯದ ಬಟ್ಟಲು ಕೊಡುವುದು, ಅವರು ಆಶೀರ್ವಾದ ಮಾಡಿ ಲಕೋಟೆ ಅಥವಾ ಚಿನ್ನ ಕೊಡುವುದು.

ಚಿನ್ನದ ಬಗ್ಗೆ ಅಮ್ಮನಿಗೆ ಮೊದಲೇ ಹೇಳಿಡಿ. ಎಲ್ಲರ ಎದುರಿಗೆ ನಿಮ್ಮಮ್ಮ ಸೊಸೆಗೆ ಒಡವೆ ಹಾಕಬೇಕು. ದಕ್ಷಿಣದಲ್ಲಿ ಓಲೆ ಮುಖ್ಯ, ಬಳೆ ಸರ ಎಲ್ಲ ಶಕ್ತಿಯಿದ್ದಷ್ಟು. ಅಲ್ಲಿ ತೂಕವನ್ನು ಗ್ರಾಂ ಲೆಕ್ಕದಲ್ಲಿ ಹೇಳುವುದಿಲ್ಲ, "ಚೀ" ಅನ್ನುತ್ತಾರೆ. ಒಂದು ಚೀ ಎಂದರೆ 3.75 ಗ್ರಾಂ. ಹತ್ತು ಚೀ ಸೇರಿದರೆ ಒಂದು "ಕಾಯ್", 37.5 ಗ್ರಾಂ. ಅತ್ತೆ "ಎರಡು ಚೀ ಸಾಕು" ಅಂದರೆ ಏಳೂವರೆ ಗ್ರಾಂ ಅಂತ ತಿಳಿಯಿರಿ.

ಚಿನ್ನದ ಜೊತೆ ಹುಡುಗನ ಕಡೆಯಿಂದ ಹುಡುಗಿ ಮನೆಗೆ ಲಕೋಟೆಯಲ್ಲಿ ಹಣವೂ ಹೋಗುತ್ತದೆ. ವರದಕ್ಷಿಣೆ ತಿರುಗುಮುರುಗಾಯಿತಲ್ಲ ಅಂತ ನಮ್ಮಪ್ಪ ಮೊದಲು ಮುಖ ಗಂಟಿಕ್ಕಿದರು. ನಮ್ಮಲ್ಲೂ ಹಿಂದೆ ಎಷ್ಟೋ ಜಾತಿಗಳಲ್ಲಿ ತೆರ ಕೊಟ್ಟು ಹೆಣ್ಣು ತರುತ್ತಿದ್ದರಲ್ಲ ಅಂತ ಅಜ್ಜಿ ನೆನಪಿಸಿದ ಮೇಲೆ ಸುಮ್ಮನಾದರು. ಮೊತ್ತವನ್ನು ಹುಡುಗಿಯ ಮೂಲಕ ಮೊದಲೇ ಮಾತಾಡಿಕೊಳ್ಳಿ. ಎಷ್ಟೋ ಮನೆಯವರು ಆ ಹಣವನ್ನು ದಂಪತಿಗೇ ವಾಪಸ್ ಕೊಟ್ಟುಬಿಡುತ್ತಾರೆ.

ಹನೋಯ್ ಸೊಸೆ, ಊರು ಧಾರವಾಡ

ಮೇಲೆ ಹೇಳಿದ್ದೆಲ್ಲ ದಕ್ಷಿಣದ ಕ್ರಮ. ಉತ್ತರದಲ್ಲಿ ಬೇರೆ. ಅಂತರ್ಜಾಲದಲ್ಲಿ ಎರಡನ್ನೂ ಕಲಸಿ ಬರೆದಿರುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ಉತ್ತರದಲ್ಲಿ ತಟ್ಟೆಗಳ ಸಂಖ್ಯೆ ಬೆಸ ಇರಬೇಕು: ಐದು, ಏಳು, ಒಂಬತ್ತು. ಒಳಗಿನ ವಸ್ತುಗಳು ಮಾತ್ರ ಜೋಡಿ ಲೆಕ್ಕದಲ್ಲಿ. ದಕ್ಷಿಣದಲ್ಲಿ ತಟ್ಟೆಗಳೇ ಸಮ ಸಂಖ್ಯೆ, ಸಾಮಾನ್ಯವಾಗಿ ಆರು ಅಥವಾ ಎಂಟು. ನಿಮ್ಮದು ಕಾನ್ ಥೋ, ಹಾಗಾಗಿ ಹನೋಯ್ ಅಂಗಡಿಯವರ ಪಟ್ಟಿ ನೋಡಿ ಏಳು ತಟ್ಟೆ ಹೇಳಿಬಿಡಬೇಡಿ.

ಎರಡೂ ಕಡೆ ಬಿಡದೆ ಇರುವುದು ಎಲೆ ಅಡಿಕೆ. ತೀರ್ಥಹಳ್ಳಿಯವರಿಗೆ ಇದನ್ನು ನಾನು ಹೇಳಬೇಕಾ! ಒಣಗಿಸಿದ ಗೋಟು, ಚಾಲಿ ಅಲ್ಲ, ಹಸಿರು ಕಾಯಿಯ ಇಡೀ ಗೊನೆಯನ್ನೇ ಅಲಂಕಾರ ಮಾಡಿ ಇಡುತ್ತಾರೆ. 105 ಕಾಯಿ ಇರಬೇಕು ಅನ್ನುವವರು ಬಹಳ ಜನ. ಅಣ್ಣ ತಮ್ಮ ಮತ್ತು ಅಣ್ಣನ ಹೆಂಡತಿ ಸತ್ತು ಅಡಿಕೆ ಮರ, ಸುಣ್ಣದ ಕಲ್ಲು, ವೀಳ್ಯದ ಬಳ್ಳಿ ಆದರು ಅಂತ ಅವರಲ್ಲಿ ಒಂದು ಹಳೆಯ ಕಥೆ ಇದೆ, ಮಕ್ಕಳಿಗೂ ಗೊತ್ತು. ನಿಮ್ಮ ತೋಟದ ವಿಷಯವನ್ನು ಹಿರಿಯರು ಅಲ್ಲಿ ಮಾತಿನಲ್ಲಿ ತರಲಿ. ಅಷ್ಟು ಹತ್ತಿರದ ಸಂಬಂಧ ಬೇರೆ ಯಾವ ವಿದೇಶಿ ಅಳಿಯನಿಗೂ ಸಿಗುವುದಿಲ್ಲ. ಆದರೆ ಊರಿಂದ ಹಸಿ ಅಡಿಕೆ, ಎಲೆ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ಸಸ್ಯ ತಪಾಸಣೆಯ ತಲೆನೋವು.

ಶಾಸ್ತ್ರ ಮುಗಿದ ಮೇಲೆ ಹುಡುಗಿ ಮನೆಯವರು ಪ್ರತಿ ತಟ್ಟೆಯಿಂದ ಸ್ವಲ್ಪ ಸ್ವಲ್ಪ ವಾಪಸ್ ಕೊಡುತ್ತಾರೆ. ಆಗ ಅಡಿಕೆಯನ್ನು ಕೈಯಿಂದಲೇ ಕೀಳುತ್ತಾರೆ, ಕತ್ತರಿ ಚಾಕು ಮುಟ್ಟಿಸುವುದಿಲ್ಲ. ಸಹಾಯ ಮಾಡಲು ಹೋಗಿ ನಿಮ್ಮ ಕಡೆಯವರು ಯಾರೂ ಚಾಕು ಎತ್ತಿಕೊಳ್ಳದಿರಲಿ.

ನನ್ನ ಮದುವೆಯಲ್ಲಿ ನಮ್ಮಮ್ಮನಿಗೆ ಬೇಜಾರಾದದ್ದು ಬೇರೆ ವಿಷಯಕ್ಕೆ. ಉತ್ತರದಲ್ಲಿ ಹುಡುಗಿಯ ತಾಯಿ ಗಂಡನ ಮನೆಗೆ ದಿಬ್ಬಣದ ಜೊತೆ ಹೋಗುವುದಿಲ್ಲ. ಧಾರವಾಡದಿಂದ ಅಷ್ಟು ದೂರ ಬಂದು ಹೋಟೆಲ್‌ನಲ್ಲೇ ಕೂರಬೇಕಾ ಅಂತ ಕಣ್ಣೀರು. ನನ್ನ ಗಂಡ ಅವರ ತಾತನನ್ನು ಒಪ್ಪಿಸಿದ, ಅಮ್ಮ ಎರಡನೇ ಕಾರಿನಲ್ಲಿ ಬಂದರು. ಇತ್ತ ನಮ್ಮತ್ತೆ ಪದ್ಧತಿಯಂತೆ ಸುಣ್ಣದ ಕುಡಿಕೆ ಹಿಡಿದು, ಸೊಸೆ ಒಳಗೆ ಬರುವವರೆಗೆ ಮರೆಯಲ್ಲಿ ನಿಂತಿದ್ದರು. ಕೇಳಿದರೆ ಬಗ್ಗುವ ನಿಯಮ ಯಾವುದು, ಬಗ್ಗದ ನಿಯಮ ಯಾವುದು ಅಂತ ಗೊತ್ತಾಗುತ್ತದೆ. ಮೊದಲೇ ಕೇಳಬೇಕು, ಅಷ್ಟೇ.

ಬಟ್ಟೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನೀವು ಆವ್ ಯಾಯ್ ಅನ್ನುವ ಅವರ ಉದ್ದ ನಿಲುವಂಗಿ ಮತ್ತು ಸುತ್ತು ರುಮಾಲು ಹಾಕಿಕೊಳ್ಳಿ, ಬಾಡಿಗೆಗೆ ಸಿಗುತ್ತದೆ. ಉದ್ದ ತೋಳಿನ ಹುಡುಗರಾದರೆ ಹೊಲಿಸುವುದೇ ವಾಸಿ. ಅಮ್ಮ ರೇಷ್ಮೆ ಸೀರೆಯಲ್ಲೇ ಇರಲಿ. ಬಿಳಿ ಬೇಡ, ಅಲ್ಲಿ ಸಾವಿನ ಮನೆಯವರು ತಲೆಗೆ ಕಟ್ಟುವುದು ಬಿಳಿ ಬಟ್ಟೆ.

ಬೆಂಗಳೂರಿನಿಂದ ಒಬ್ಬರು (ಸೊಸೆ ದಾ ನಾಂಗ್‌ನವಳು)

ದಿನ ಗೊತ್ತು ಮಾಡುವ ವಿಷಯ ಯಾರೂ ಹೇಳಲಿಲ್ಲ. ಅವರದೂ ಚಾಂದ್ರಮಾನದ ಲೆಕ್ಕ, ಆಮಂತ್ರಣದಲ್ಲಿ ಎರಡೂ ತಾರೀಖು ಹಾಕಿಸುತ್ತಾರೆ. ಅವರ ಏಳನೇ ತಿಂಗಳಲ್ಲಿ ಮದುವೆ ಮಾಡುವುದಿಲ್ಲ, ನಮ್ಮ ಆಷಾಢದ ಹಾಗೆ. ಕಷ್ಟ ಏನೆಂದರೆ ಆ ತಿಂಗಳು ನಮ್ಮ ಶ್ರಾವಣಕ್ಕೋ ಕೆಲವು ವರ್ಷ ಭಾದ್ರಪದಕ್ಕೋ ಬರುತ್ತದೆ. 2024ರಲ್ಲಿ ಆಗಸ್ಟ್ 4ರ ಅಮಾವಾಸ್ಯೆಗೆ ನಮ್ಮ ಆಷಾಢ ಮುಗಿಯಿತು, ಅವತ್ತೇ ಅವರ ಏಳನೇ ತಿಂಗಳು ಶುರು. ನಮಗೆ ಬೇಡದ್ದು ಒಂದು ತಿಂಗಳು, ಅವರಿಗೆ ಬೇಡದ್ದು ಇನ್ನೊಂದು. ಎರಡು ಮದುವೆಯನ್ನೂ ಹತ್ತಿರ ಹತ್ತಿರ ಇಡುವವರು ಜುಲೈ, ಆಗಸ್ಟ್ ಬಿಟ್ಟುಬಿಡಿ.

ಹುಡುಗಿಯ ವಯಸ್ಸನ್ನೂ ನೋಡುತ್ತಾರೆ. ಅವರ ಲೆಕ್ಕದ ವಯಸ್ಸಿನ ಕೊನೆಯ ಅಂಕಿ 1, 3, 6 ಅಥವಾ 8 ಆದರೆ ಆ ವರ್ಷ ಬೇಡ ಅನ್ನುವ ನಂಬಿಕೆ ಇದೆ. ಆ ವಯಸ್ಸು ನಮ್ಮ ಪಾಸ್‌ಪೋರ್ಟ್ ವಯಸ್ಸಿಗಿಂತ ಒಂದೆರಡು ಜಾಸ್ತಿ ಇರುತ್ತದೆ. ಹಾಲ್‌ಗೆ ಮುಂಗಡ ಕೊಡುವ ಮೊದಲು ಅಜ್ಜಿ ಹತ್ತಿರ ಕೇಳಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ದೊಡ್ಡಪ್ಪ ಮಾತಾಡಲು ಒಪ್ಪಿದ್ದಾರೆ. ಈಗ ಭಯ ಒಂದೇ. ತಟ್ಟೆಗಳ ಪಟ್ಟಿಯಲ್ಲಿ ಇಡೀ ಹಂದಿ ಸುಟ್ಟದ್ದು ಇದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಹನೋಯ್ ಸೊಸೆ

ಬದಲಿಸಿ ಅಂತ ಕೇಳಿ. ಹಣ್ಣು, ಕೆಂಪು ಅಂಟಕ್ಕಿ ಅನ್ನ, ಗಂಡಹೆಂಡತಿ ಕೇಕು ಅಂತ ಕರೆಯುವ ಸಿಹಿ, ಚಹಾ, ಇವೆಲ್ಲ ಸಸ್ಯಾಹಾರವೇ. ತಟ್ಟೆ ತುಂಬಲು ಏನೂ ಕೊರತೆ ಇಲ್ಲ.

ವಿನ್ ಲಾಂಗ್ ಅಳಿಯ

ನಾನು ಒಪ್ಪುವುದಿಲ್ಲ. ಮೆಕಾಂಗ್ ಕಡೆಯ ಮನೆಗಳಲ್ಲಿ ಹಂದಿಗೆ ಮರ್ಯಾದೆ ಜಾಸ್ತಿ. ಅದು ಅವರ ಹಿರಿಯರಿಗೆ, ಅವರ ನೆಂಟರಿಗೆ. ಇರಲಿ ಬಿಡಿ. ತಟ್ಟೆ ಹೊರುವುದು ಮದುವೆಯಾಗದ ಹುಡುಗರು, ನಿಮ್ಮಮ್ಮ ಮುಟ್ಟಬೇಕಾಗಿಲ್ಲ. ಅಮ್ಮನಿಗೆ ಈಗಲೇ ಹೇಳಿ, ಅಲ್ಲಿ ಬಟ್ಟೆ ತೆಗೆದಾಗ ಗೊತ್ತಾಗುವುದು ಬೇಡ.

ಊಟಕ್ಕೆ ದಾರಿ ಇದೆ. ಅಲ್ಲಿ ಬೌದ್ಧರು ಅಮಾವಾಸ್ಯೆ, ಹುಣ್ಣಿಮೆಗೆ ಮಾಂಸ ಬಿಡುತ್ತಾರೆ. ಆ ಊಟಕ್ಕೆ "ಚಾಯ್" ಅನ್ನುತ್ತಾರೆ, ಊರೂರಲ್ಲೂ ಅದರದೇ ಹೋಟೆಲ್‌ಗಳಿವೆ. ಕಟ್ಟುನಿಟ್ಟಿನ ಚಾಯ್ ಊಟದಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಔತಣದ ಹಾಲ್‌ನಲ್ಲಿ ಮೇಜು ಹತ್ತು ಜನರ ಲೆಕ್ಕ, ನಿಮ್ಮವರಿಗೆ ಒಂದು ಪೂರ್ತಿ ಚಾಯ್ ಮೇಜು ಹೇಳಿಡಿ. "ತರಕಾರಿ ಮಾತ್ರ" ಅಂತ ಹೇಳಿದರೆ ಸಾಲದು, ತರಕಾರಿಗೂ ಮೀನಿನ ರಸ ಸುರಿಯುತ್ತಾರೆ. ಇನ್ನು ನೀವು ಮೇಜಿನಿಂದ ಮೇಜಿಗೆ ಹೋಗಿ "ಮೋತ್, ಹಾಯ್, ಬಾ, ಯೋ" (ಒಂದು, ಎರಡು, ಮೂರು, ಕುಡಿ) ಅಂತ ಕೂಗಿ ಗ್ಲಾಸ್ ಎತ್ತಲೇಬೇಕು. ಗ್ಲಾಸಿನಲ್ಲಿ ಏನಿದೆ ಅಂತ ಯಾರೂ ನೋಡುವುದಿಲ್ಲ, ಚಹಾ ತುಂಬಿಸಿಕೊಳ್ಳಿ.

ಹೋ ಚಿ ಮಿನ್ ನಗರದಿಂದ

ಕಾಗದಪತ್ರದ ಬಗ್ಗೆ ನಾನು ಹೇಳುತ್ತೇನೆ. ತಟ್ಟೆ, ದಿಬ್ಬಣ ಎಷ್ಟೇ ಜೋರಾಗಿ ಆದರೂ ಕಾನೂನಿಗೆ ಅದು ಮದುವೆ ಅಲ್ಲ, ನೋಂದಣಿ ಆಗಬೇಕು. ವಿದೇಶಿಯರ ಮದುವೆಯನ್ನು ಮೊದಲು ಜಿಲ್ಲಾ ಮಟ್ಟದ ಜನಸಮಿತಿಯ (ಅಲ್ಲಿನ ಸ್ಥಳೀಯ ಆಡಳಿತ) ಕಚೇರಿಯಲ್ಲಿ ನೋಂದಾಯಿಸುತ್ತಿದ್ದರು. 2025ರ ಜುಲೈ 1ರಿಂದ ಆ ಮಟ್ಟವನ್ನೇ ತೆಗೆದುಹಾಕಿದ್ದಾರೆ. ಈಗ ಕೆಲಸ ವಾರ್ಡು ಅಥವಾ ಗ್ರಾಮ ಮಟ್ಟದ ಸಮಿತಿಯಲ್ಲಿ. ಹಳೆಯ ಬರಹ ನೋಡಿ ಹೋದರೆ ಇಲ್ಲದ ಕಚೇರಿ ಹುಡುಕುತ್ತೀರಿ.

ಮುಖ್ಯವಾಗಿ ಬೇಕಾದ್ದು ಪಾಸ್‌ಪೋರ್ಟ್, ನಿಮಗೆ ಮದುವೆ ಆಗಿಲ್ಲ ಅನ್ನುವ ಪತ್ರ, ಮಾನಸಿಕ ಆರೋಗ್ಯದ ಬಗ್ಗೆ ಆಸ್ಪತ್ರೆಯ ಪತ್ರ. ಆಸ್ಪತ್ರೆ ಪತ್ರ ಆರು ತಿಂಗಳ ಒಳಗಿನದಿರಬೇಕು. ಮದುವೆ ಆಗಿಲ್ಲ ಅನ್ನುವುದಕ್ಕೆ ಯಾವ ರೂಪದ ಪತ್ರ ಒಪ್ಪುತ್ತಾರೆ ಅಂತ ಅದೇ ಕಚೇರಿಯಲ್ಲಿ ಹುಡುಗಿ ಕೇಳಿಕೊಂಡು ಬರಲಿ, ಆಮೇಲೆ ಭಾರತದಲ್ಲಿ ಮಾಡಿಸಿ. ಭಾರತದ ಪತ್ರಗಳಿಗೆ ದೃಢೀಕರಣ, ವಿಯೆಟ್ನಾಮಿ ಅನುವಾದ ಎರಡಕ್ಕೂ ಸಮಯ ಇಟ್ಟುಕೊಳ್ಳಿ. ಅಲ್ಲಿನ ಕಾನೂನಿನಲ್ಲಿ ಗಂಡಿಗೆ 20, ಹೆಣ್ಣಿಗೆ 18 ತುಂಬಿರಬೇಕು. ಪ್ರಮಾಣಪತ್ರ ತೆಗೆದುಕೊಳ್ಳುವ ದಿನ ಇಬ್ಬರೂ ಹಾಜರಿರಬೇಕು. ಬೇಡ ಅಂದರೆ ಭಾರತದಲ್ಲೇ 1954ರ ವಿಶೇಷ ವಿವಾಹ ಕಾಯ್ದೆಯಡಿ ಮಾಡಿಕೊಳ್ಳಬಹುದು, ಆದರೆ 30 ದಿನದ ನೋಟಿಸ್ ಕಾಯಬೇಕು. ನನ್ನ ಕೇಳಿದರೆ ಶಾಸ್ತ್ರಕ್ಕೂ ನೋಂದಣಿಗೂ ಗಂಟು ಹಾಕಬೇಡಿ, ಬೇರೆ ಬೇರೆ ಪ್ರಯಾಣದಲ್ಲಿ ಮುಗಿಸಿ. ಭಾರತೀಯರಿಗೆ ಈಗ 90 ದಿನದ ಇ-ವೀಸಾ ಸಿಗುತ್ತದೆ.

ಪ್ರಶ್ನೆ ಕೇಳಿದವರು

ಅಮ್ಮನಿಗೆ ಹೇಳಿದೆ. "ಅವರ ಮನೆ, ಅವರ ದೇವರು, ನಮಗೇನು" ಅಂದರು. ತಟ್ಟೆ ಹೊರುವ ಹುಡುಗರನ್ನು ಎಲ್ಲಿಂದ ತರುವುದು?

ವಿನ್ ಲಾಂಗ್ ಅಳಿಯ

ಹುಡುಗಿಯ ಗೆಳೆಯರು ಸಿಗುತ್ತಾರೆ, ಇಲ್ಲದಿದ್ದರೆ ಬಾಡಿಗೆಗೆ ಹುಡುಗರನ್ನು ಕಳಿಸುವವರೂ ಇದ್ದಾರೆ. ಆರು ತಟ್ಟೆ ಆದರೆ ನಿಮ್ಮ ಕಡೆ ಆರು ಹುಡುಗರು, ಅವರ ಕಡೆ ತೆಗೆದುಕೊಳ್ಳಲು ಆರು ಹುಡುಗಿಯರು. ತಟ್ಟೆ ಕೈ ಬದಲಾದ ಮೇಲೆ ಇಬ್ಬಿಬ್ಬರು ಕೆಂಪು ಲಕೋಟೆ ಬದಲಿಸಿಕೊಳ್ಳುತ್ತಾರೆ. ಎರಡೂ ಕಡೆಯ ಲಕೋಟೆಯಲ್ಲಿ ಮೊತ್ತ ಒಂದೇ ಇರಲಿ, ಅತ್ತೆ ಹತ್ತಿರ ಕೇಳಿಕೊಂಡು ಹಾಕಿ. ಗರಿಗರಿ ಹೊಸ ನೋಟು ಹಾಕಿ. ಐದಾರು ಲಕೋಟೆ ಜಾಸ್ತಿ ಇಟ್ಟುಕೊಳ್ಳಿ, ಚಿಕ್ಕ ಮಕ್ಕಳು ಬಂದು ನಿಲ್ಲುತ್ತಾರೆ.