ಅರವತ್ತರ ದಶಕದ ಡಬಲ್ ನೆಕ್ ಗಿಟಾರ್: ಕೊಂಡವರು, ದುರಸ್ತಿ ಮಾಡಿದವರು ಏನು ಹೇಳುತ್ತೀರಿ?

ಪ್ರಶ್ನೆ

ಆರು ತಂತಿಯದೊಂದು, ಹನ್ನೆರಡು ತಂತಿಯದೊಂದು ಎಂದು ಪ್ರತಿ ಕಾರ್ಯಕ್ರಮಕ್ಕೂ ಎರಡು ಗಿಟಾರ್ ಹೊತ್ತು ಸಾಕಾಗಿದೆ. ಒಂದೇ ಮೈಗೆ ಎರಡು ನೆಕ್ (ತಂತಿಗಳು ಹಾಯುವ ಉದ್ದನೆಯ ಹಿಡಿ) ಇರುವ ಗಿಬ್ಸನ್ ಕಂಪನಿಯ ಇಡಿಎಸ್-1275 ಡಬಲ್ ನೆಕ್ ಮೇಲೆ ಬಹಳ ಕಾಲದಿಂದ ಕಣ್ಣಿದೆ. ಈಗ ಬೇರೆ ದೇಶದ ಮಾರಾಟಗಾರರೊಬ್ಬರ ಬಳಿ ಚೆರ್ರಿ ಕೆಂಪು ಬಣ್ಣದ್ದೊಂದು ಇದೆ. 1964ರದ್ದು, ಒಂದು ಸ್ಕ್ರೂ ಕೂಡ ಬದಲಾಗಿಲ್ಲ ಎನ್ನುತ್ತಾರೆ. ಅವರು ಹೇಳುವ ಬೆಲೆ ಕೊಟ್ಟರೆ ನನ್ನ ಉಳಿತಾಯವೆಲ್ಲ ಕರಗುತ್ತದೆ. ಕೈಯಲ್ಲಿ ಹಿಡಿದು ನೋಡುವ ಅವಕಾಶವಿಲ್ಲ, ಬರುವುದು ಚಿತ್ರಗಳಷ್ಟೇ. ಏನನ್ನು ಕೇಳಬೇಕು, ಏನನ್ನು ನೋಡಬೇಕು? ತರಿಸುವಾಗ ತೊಂದರೆಯಾಗುತ್ತದೆಯೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಗಿಟಾರ್ ದುರಸ್ತಿ ಮಾಡುವವರಿಂದ

ಮೊದಲು ವರ್ಷದ ವಿಚಾರ. ಸೀರಿಯಲ್ ನಂಬರ್ ತೋರಿಸಿ 1964 ಎಂದು ಹೇಳಿದರೆ ಅಷ್ಟಕ್ಕೇ ಒಪ್ಪಬೇಡಿ. ಗಿಬ್ಸನ್ 1960ರ ದಶಕದಲ್ಲಿ ನಂಬರುಗಳನ್ನು ಅಡ್ಡಾದಿಡ್ಡಿಯಾಗಿ ಬಳಸಿದೆ, ಒಂದೇ ನಂಬರ್ ಬೇರೆ ಬೇರೆ ವರ್ಷಗಳ ಗಿಟಾರ್‌ಗಳ ಮೇಲೆ ಸಿಗುತ್ತದೆ. ನಂಬರ್ ಒಂದು ಸುಳಿವು ಮಾತ್ರ. ನೆಕ್ ತುದಿಯ ಬಿರಡೆಗಳಿರುವ ತಲೆಯ, ಅಂದರೆ ಹೆಡ್‌ಸ್ಟಾಕ್‌ನ ಹಿಂಬದಿಯಲ್ಲಿ ‘ಮೇಡ್ ಇನ್ ಯುಎಸ್‌ಎ’ ಎಂದು ಮರದಲ್ಲೇ ಅಚ್ಚೊತ್ತಿದ್ದರೆ ಮಾತು ಅಲ್ಲಿಗೇ ಮುಗಿಯಿತು, ಅದು 1970ಕ್ಕೆ ಮುಂಚಿನದಲ್ಲ. ನೆಕ್ ಮತ್ತು ಹೆಡ್‌ಸ್ಟಾಕ್ ಕೂಡುವ ಕಡೆ ಹಿಂದೆ ಮರ ಉಬ್ಬಿದ್ದರೂ ಅದೇ ಅನುಮಾನ, ಆ ಉಬ್ಬು ಬಂದದ್ದು ಅರವತ್ತರ ದಶಕ ಮುಗಿಯುವ ಹೊತ್ತಿಗೆ.

ಆರು ತಂತಿಯ ನೆಕ್‌ನಲ್ಲಿ ನಟ್ (ಹೆಡ್‌ಸ್ಟಾಕ್ ಬುಡದಲ್ಲಿ ತಂತಿಗಳು ಕೂರುವ ಪಟ್ಟಿ) ಇರುವ ಕಡೆ ಅಗಲವನ್ನು ಅಳೆದು ಹೇಳಲು ಕೇಳಿ, ಅಳತೆಪಟ್ಟಿ ಇಟ್ಟು ಚಿತ್ರ ತೆಗೆದರೆ ಇನ್ನೂ ಒಳ್ಳೆಯದು. 43 ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ 1964ರ ಮಾತಿಗೆ ಹೊಂದುತ್ತದೆ. 1965ರ ಸುಮಾರಿಗೆ ಗಿಬ್ಸನ್ ನೆಕ್‌ಗಳು 40 ಮಿಲಿಮೀಟರಿಗೆ ಕಿರಿದಾದವು. ಬೆರಳು ದಪ್ಪ ಇರುವವರಿಗೆ ಈ ಮೂರು ಮಿಲಿಮೀಟರ್ ವರ್ಷದ ಲೆಕ್ಕಕ್ಕಿಂತ ಮುಖ್ಯ.

ಆಮೇಲೆ ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ ಒಳಗಿನ ಚಿತ್ರ ಕಳಿಸಲು ಹೇಳಿ. ವಾಲ್ಯೂಮ್, ಟೋನ್ ಗುಂಡಿಗಳಡಿಯ ಬಿಡಿಭಾಗಗಳಾದ ಪಾಟ್‌ಗಳ ಮೈಮೇಲೆ ಅಂಕಿಗಳು ಒತ್ತಿರುತ್ತವೆ. 1376412 ಎಂದಿದ್ದರೆ 137 ಎಂಬುದು ಸಿಟಿಎಸ್ ಕಂಪನಿಯ ಗುರುತು, 64 ಎಂಬುದು 1964, 12 ಎಂಬುದು ಆ ವರ್ಷದ ಹನ್ನೆರಡನೆಯ ವಾರ. 134ರಿಂದ ಶುರುವಾದರೆ ಪಾಟ್ ಸೆಂಟ್ರಲ್ಯಾಬ್ ಕಂಪನಿಯದು. ಪಾಟ್ ತಯಾರಾದ ಮೇಲೆ ಗಿಟಾರ್ ತಯಾರಾಗಿರುತ್ತದೆ ಎಂಬುದಷ್ಟೇ ಇದರಿಂದ ಗೊತ್ತಾಗುವುದು. ಅಂಕಿಗಿಂತ ನಾನು ಹೆಚ್ಚು ನಂಬುವುದು ಬೆಸುಗೆಯನ್ನು. ಕಾರ್ಖಾನೆಯ ಹಳೆಯ ಬೆಸುಗೆ ಮಂಕಾಗಿ, ಧೂಳು ಕೂತು, ಎಲ್ಲ ಕಡೆ ಒಂದೇ ಕೈಯದ್ದಾಗಿ ಕಾಣುತ್ತದೆ. ಒಂದೇ ಪಾಟ್‌ನ ಬೆನ್ನ ಮೇಲೆ ಮಂಕಾದ ಬೆಸುಗೆಯ ಪಕ್ಕದಲ್ಲಿ ಹೊಳೆಯುವ ಉಂಡೆ ಕಂಡರೆ ಅಲ್ಲಿ ಯಾರೋ ಕಾಯಿಸಿದ್ದಾರೆ. ‘ಒಂದು ಸ್ಕ್ರೂ ಕೂಡ ಬದಲಾಗಿಲ್ಲ’ ಎಂಬ ಮಾತು ಅಲ್ಲಿ ಬೀಳುತ್ತದೆ.

ತಂತಿಯ ಮಿಡಿತವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ನ ತಳದ ಚೀಟಿಯಲ್ಲಿ 2,737,842 ಎಂಬ ಪೇಟೆಂಟ್ ಸಂಖ್ಯೆ ಇದ್ದು, ಅದನ್ನು ಹುಡುಕಿ ನೋಡಿದರೆ ಪಿಕಪ್ ಬದಲು ತಂತಿ ಕಟ್ಟುವ ಟೇಲ್‌ಪೀಸ್‌ನ ಪೇಟೆಂಟ್ ಸಿಗುತ್ತದೆ. ನಕಲಿ ಎಂದು ಗಾಬರಿಯಾಗಬೇಡಿ, ಗಿಬ್ಸನ್ ತಾನೇ ಹಾಗೆ ಅಚ್ಚು ಹಾಕಿಸಿತ್ತು. ಗಿಬ್ಸನ್ ಎಂಜಿನಿಯರ್ ಸೆತ್ ಲವರ್ ಅವರ ಹಂಬಕರ್ ಎಂಬ ಈ ಪಿಕಪ್‌ಗೆ 1959ರಲ್ಲಿ ಸಿಕ್ಕ ಪೇಟೆಂಟ್‌ನ ಸಂಖ್ಯೆ ಬೇರೆಯೇ, 2,896,491. ಅದನ್ನು ಚೀಟಿಯಲ್ಲಿ ಏಕೆ ಹಾಕಲಿಲ್ಲ ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಆದರೆ ಚೀಟಿಯನ್ನು ಈಗ ಯಾರು ಬೇಕಾದರೂ ಅಚ್ಚು ಹಾಕಬಹುದು, ಚೀಟಿ ನೋಡಿ ದುಡ್ಡು ಕೊಡಬೇಡಿ.

ಎಲ್ಲಕ್ಕಿಂತ ಮುಖ್ಯ ಹೆಡ್‌ಸ್ಟಾಕ್. ಗಿಬ್ಸನ್ ಗಿಟಾರ್ ಮುರಿಯುವುದೇ ಅಲ್ಲಿ. ಹಿಂದಕ್ಕೆ ಬಾಗಿಸಿ ಕೊರೆದ ಮರ, ಅದರ ನಡುವೆ ನೆಕ್ ಬಾಗದಂತೆ ಹಿಡಿಯುವ ಲೋಹದ ಕಂಬಿಗಾಗಿ (ಟ್ರಸ್ ರಾಡ್) ತೋಡಿದ ಪೊಳ್ಳು. ನಿಮ್ಮದರಲ್ಲಿ ಅಂಥವು ಎರಡು, ಒಂದಂತೂ ಹನ್ನೆರಡು ಬಿರಡೆಗಳನ್ನು ಹೊತ್ತ ಉದ್ದನೆಯ ತಲೆ. ಮುರಿದು ಅಂಟಿಸಿದ್ದು ಗೊತ್ತಾದರೆ ಸಂಗ್ರಾಹಕರ ಲೆಕ್ಕದಲ್ಲಿ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದು ಎರಡೂ ತಲೆಗಳ ಹಿಂಬದಿಯ ಚಿತ್ರ ತೆಗೆಸಿ. ಹಳೆಯ ನೈಟ್ರೋಸೆಲ್ಯುಲೋಸ್ ಲ್ಯಾಕರ್ (ಮರದ ಮೇಲಿನ ಮೆರುಗು ಲೇಪ) ಹಸಿರು ಬೆರೆತ ಹಳದಿಯಾಗಿ ಮಂದವಾಗಿ ಬೆಳಗುತ್ತದೆ. ಆಮೇಲೆ ಬಳಿದ ಜಾಗ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ.

ವೇದಿಕೆಯಲ್ಲಿ ನುಡಿಸುವವರಿಂದ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಇದು ನಿಮಗೆ ಬೇಕೇ ಎಂದು ಯಾರೂ ಕೇಳಲಿಲ್ಲ. ನಾನು ಕೇಳುತ್ತೇನೆ.

ಈ ಗಿಟಾರ್ ಸುಮಾರು ಆರು ಕಿಲೋ ತೂಗುತ್ತದೆ. ತೂಕಕ್ಕಿಂತ ಕಾಡುವುದು ವಾಲಾಟ. ಕೈ ಬಿಟ್ಟ ಕೂಡಲೇ ನೆಕ್‌ಗಳ ಕಡೆಗೆ ಇಳಿಯುತ್ತದೆ, ಎಡಗೈ ಸ್ವರ ಹಿಡಿಯುವುದರ ಜೊತೆಗೆ ಅದನ್ನು ಎತ್ತಿಯೂ ಹಿಡಿಯಬೇಕು. ಒಳಮೈ ಒರಟಾಗಿರುವ ಅಗಲವಾದ ಚರ್ಮದ ಪಟ್ಟಿ ಇಲ್ಲದೆ ಮುಟ್ಟಲೇಬೇಡಿ. ಹನ್ನೆರಡು ತಂತಿಯದು ಮೇಲೆ, ಆರರದು ಕೆಳಗೆ. ಮೇಲಿನದನ್ನು ನುಡಿಸುವಾಗ ಬಲಗೈಯ ಕೋನ ಬದಲಾಗುತ್ತದೆ, ಅದು ಅಭ್ಯಾಸವಾಗಲು ಕಾಲ ಹಿಡಿಯುತ್ತದೆ. ನೆಕ್ ಬದಲಿಸುವ ಸ್ವಿಚ್‌ನ ನಡುವಿನ ಸ್ಥಾನದಲ್ಲಿ ಎರಡೂ ನೆಕ್ ಒಟ್ಟಿಗೆ ಜೀವಂತವಾಗಿರುತ್ತವೆ. ಶಬ್ದ ಜೋರಾಗಿರುವಾಗ ನೀವು ಮುಟ್ಟದ ನೆಕ್‌ನ ತಂತಿಗಳೂ ಮಿಡಿಯುತ್ತವೆ. ಕೆಲವರಿಗೆ ಆ ಅನುರಣನ ಇಷ್ಟ, ಧ್ವನಿ ವ್ಯವಸ್ಥೆ ನೋಡಿಕೊಳ್ಳುವವರಿಗೆ ಮಾತ್ರ ಎಂದೂ ಇಷ್ಟವಿಲ್ಲ.

ಹದಿನೆಂಟು ತಂತಿಗಳ ಶ್ರುತಿ ಕೂಡಿಸುವುದು ಇನ್ನೊಂದು ಕೆಲಸ. ಹನ್ನೆರಡರಲ್ಲಿ ಮೂರನೆಯ ಜೋಡಿಯ ಮೇಲಿನ ಸ್ಥಾಯಿಯ ಜಿ ತಂತಿಯೇ ಎಲ್ಲಕ್ಕಿಂತ ತೆಳು, ತುಂಡಾಗುವುದೂ ಅದೇ ಮೊದಲು. ಅದನ್ನು ಬಿಡಿಯಾಗಿ ಕೊಂಡು ಇಟ್ಟುಕೊಂಡಿರಿ.

ಲೆಡ್ ಝೆಪೆಲಿನ್ ತಂಡದ ಜಿಮ್ಮಿ ಪೇಜ್, ಈಗಲ್ಸ್ ತಂಡದ ಡಾನ್ ಫೆಲ್ಡರ್ ಅವರ ಹೆಗಲ ಮೇಲೆ ಇದನ್ನು ನೋಡಿಯೇ ನಾವೆಲ್ಲ ಮನಸೋತದ್ದು. ಪೇಜ್ ಇದನ್ನು ತರಿಸಿಕೊಂಡದ್ದು ಸ್ಟುಡಿಯೊದಲ್ಲಿ ಬೇರೆ ಬೇರೆ ಗಿಟಾರ್‌ಗಳಲ್ಲಿ ಧ್ವನಿಮುದ್ರಿಸಿದ ಹಾಡನ್ನು ವೇದಿಕೆಯ ಮೇಲೆ ನಿಲ್ಲಿಸದೆ ನುಡಿಸಲು. ಅದು ಕೆಲಸಕ್ಕೆ ಬೇಕಾದ ಉಪಕರಣ. ಒಂದೇ ಹಾಡಿನ ನಡುವೆ ಆರರಿಂದ ಹನ್ನೆರಡಕ್ಕೆ ಜಿಗಿಯುವ ಅಗತ್ಯ ನಿಮಗಿದೆಯೇ? ಹಾಡು ಮುಗಿದ ಮೇಲೆ ಗಿಟಾರ್ ಬದಲಿಸಿದರೆ ಸಾಕು ಎಂದಾದರೆ ಎರಡು ಗಿಟಾರ್, ಎರಡು ಸ್ಟ್ಯಾಂಡ್ ಸಾಕು. ಅಗತ್ಯ ಇದೆ ಎಂದರೂ ಮರುತಯಾರಿಕೆಯ ಹೊಸದೊಂದನ್ನು ಕೊಳ್ಳಿ ಎಂದೇ ನನ್ನ ಸಲಹೆ. ಉಳಿತಾಯವೆಲ್ಲ ಸುರಿದ ಗಿಟಾರನ್ನು ಬೆವರು, ಮಳೆ, ನೂಕುನುಗ್ಗಲಿನ ನಡುವೆ ಹೊರಗೆ ತೆಗೆಯಲು ಮನಸ್ಸು ಬರುವುದಿಲ್ಲ.

ಸಂಗ್ರಾಹಕರಿಂದ

ಒಂದು ಮಾತು ಸೇರಿಸುತ್ತೇನೆ. ಈ ಮಾದರಿ 1958ರಲ್ಲಿ ಬಂದಾಗ ಒಳಗೆ ಪೊಳ್ಳಾಗಿದ್ದು ಮೇಲೆ ಸ್ಪ್ರೂಸ್ ಹಲಗೆ ಇರುವ ಗಿಟಾರ್. ಎಲ್ಲರೂ ಗುರುತಿಸುವ, ಗಿಬ್ಸನ್‌ನ ಎಸ್‌ಜಿ ಗಿಟಾರ್ ಆಕಾರದ ಗಟ್ಟಿ ಮೈ ಬಂದದ್ದು 1962ರ ಸುಮಾರಿಗೆ. ಆಗ ಇವುಗಳನ್ನು ಆರ್ಡರ್ ಕೊಟ್ಟವರಿಗೆ ಮಾತ್ರ ಮಾಡುತ್ತಿದ್ದರು. ಹಾಗಾಗಿ ಕ್ಯಾಟಲಾಗ್‌ನಲ್ಲಿ ಇಲ್ಲದ ಬಣ್ಣವೋ ಬಿಡಿಭಾಗವೋ ಕಂಡ ಮಾತ್ರಕ್ಕೆ ನಕಲಿ ಎನ್ನಲಾಗದು. ಅದೇ ಸಡಿಲನ್ನು ಮೋಸ ಮಾಡುವವರೂ ಬಳಸಿಕೊಳ್ಳುತ್ತಾರೆ. ‘ವಿಶೇಷ ಆರ್ಡರ್’ ಎಂಬ ಮಾತು ಬಂದರೆ ಹಳೆಯ ರಸೀದಿಯನ್ನೋ ಮೊದಲ ಮಾಲೀಕರ ಕಾಲದ ಚಿತ್ರವನ್ನೋ ಕೇಳಿ. ಹಳೆಯದೇ ಬೇಕು, ಇಷ್ಟು ದುಡ್ಡಿಲ್ಲ ಎಂದಾದರೆ 1970ರ ದಶಕದ ಐಬನೀಜ್ 2402 ನೋಡಬಹುದು. ಜಪಾನಿನಲ್ಲಿ ಇದೇ ಆಕಾರದಲ್ಲಿ ಮಾಡಿದ್ದು, ಕೈಗೆ ಚೆನ್ನಾಗಿ ಕೂರುತ್ತದೆ.

ಹೊರದೇಶದಿಂದ ಗಿಟಾರ್ ತರಿಸಿಕೊಂಡವರಿಂದ

ನಿಮಗೆ ನಿಜವಾದ ತಲೆನೋವು ನೆಕ್ ಮೇಲೆ ಬೆರಳು ಒತ್ತುವ ಹಲಗೆಯ, ಅಂದರೆ ಫಿಂಗರ್‌ಬೋರ್ಡಿನ ಮರ. 1964ರ ಗಿಬ್ಸನ್ ಎಂದರೆ ಅದು ಬ್ರೆಜಿಲ್‌ನ ರೋಸ್‌ವುಡ್ ಆಗಿರುವ ಸಾಧ್ಯತೆ ಹೆಚ್ಚು. 1992ರಿಂದ ಆ ಮರ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಅನುಬಂಧದಲ್ಲಿದೆ, ಅಂದರೆ ಅತಿ ಬಿಗಿಯಾದ ಪಟ್ಟಿಯಲ್ಲಿ. 2019ರಲ್ಲಿ ಸಂಗೀತ ವಾದ್ಯಗಳಿಗೆ ಸಿಕ್ಕ ವಿನಾಯಿತಿ ನಮ್ಮ ಬೀಟೆಯೂ ಸೇರಿದಂತೆ ಎರಡನೆಯ ಅನುಬಂಧದ ಮರಗಳಿಗೆ ಮಾತ್ರ. ಬ್ರೆಜಿಲ್‌ನ ಮರಕ್ಕೆ ಅದು ಅನ್ವಯಿಸುವುದಿಲ್ಲ. ವಾದ್ಯ ಒಪ್ಪಂದಕ್ಕೆ ಮುಂಚಿನದು ಎಂಬ ಪ್ರಮಾಣಪತ್ರವನ್ನು ಮಾರಾಟಗಾರರು ತಮ್ಮ ದೇಶದ ಅಧಿಕಾರಿಗಳಿಂದ ಪಡೆಯಬೇಕು. ನಿಮ್ಮ ಕಡೆಯಿಂದ ಏನು ಬೇಕು ಎಂಬುದನ್ನು ಹಣ ಕಳಿಸುವ ಮೊದಲೇ ವಿಚಾರಿಸಿ. ಕಾಗದವಿಲ್ಲದೆ ಬಂದರೆ ಜಪ್ತಿ ಮಾಡುತ್ತಾರೆ. ‘ಗಿಫ್ಟ್ ಎಂದು ಬರೆದು ಕಳಿಸುತ್ತೇನೆ’ ಎನ್ನುವ ಮಾರಾಟಗಾರರಿಂದ ದೂರವಿರಿ. ಬೆಲೆ ಕಡಿಮೆ ನಮೂದಿಸಿದರೆ ವಿಮೆಯೂ ಅಷ್ಟಕ್ಕೇ ನಿಲ್ಲುತ್ತದೆ.

ಪ್ಯಾಕಿಂಗ್ ಬಗ್ಗೆ: ಪೆಟ್ಟಿಗೆ ಬೆನ್ನಡಿಯಾಗಿ ಬಿದ್ದಾಗ ಮೈ ನಿಂತರೂ ತಲೆ ಹಿಂದಕ್ಕೆ ಒದೆಯುತ್ತದೆ, ಮುರಿಯುವುದು ಆಗ. ಎರಡೂ ಹೆಡ್‌ಸ್ಟಾಕ್‌ಗಳ ಕೆಳಗೆ, ಪಕ್ಕದಲ್ಲಿ ಖಾಲಿ ಜಾಗ ಉಳಿಯದಂತೆ ತುಂಬಿಸಿ ಚಿತ್ರ ಕಳಿಸಲು ಹೇಳಿ. ತಂತಿಗಳನ್ನು ಸ್ವಲ್ಪ ಸಡಿಲಿಸಿದರೆ ಸಾಕು. ಬಂದ ಕೂಡಲೇ ಪೆಟ್ಟಿಗೆ ತೆರೆಯಬೇಡಿ, ಒಂದು ದಿನ ಮುಚ್ಚಿಯೇ ಇಡಿ. ವಿಮಾನದ ಚಳಿಯಿಂದ ನೇರವಾಗಿ ಬೆಚ್ಚನೆಯ ಕೋಣೆಗೆ ಬಂದರೆ ಹಳೆಯ ಲ್ಯಾಕರ್ ಬಿರಿಯುತ್ತದೆ.

ಪ್ರಶ್ನೆ ಕೇಳಿದವರು ಮತ್ತೆ

ಎಲ್ಲರಿಗೂ ಧನ್ಯವಾದ. ಹಾಡಿನ ನಡುವೆ ಜಿಗಿಯುವ ಅಗತ್ಯ ನನಗಿದೆ, ಮೂರು ಹಾಡುಗಳನ್ನು ಹಾಗೆಯೇ ಕಟ್ಟಿದ್ದೇನೆ. ಚಿತ್ರಗಳು ಬಂದವು. ಪಾಟ್‌ಗಳ ಅಂಕಿ 1964ಕ್ಕೆ ಹೊಂದುತ್ತದೆ, ನಟ್ 43 ಮಿಲಿಮೀಟರ್. ಹೆಡ್‌ಸ್ಟಾಕ್ ಹಿಂದೆ ಲ್ಯಾಕರ್‌ನಲ್ಲಿ ಕೂದಲೆಳೆಯಂಥ ಗೆರೆಯೊಂದು ಕಾಣುತ್ತಿದೆ. ಹಳೆಯ ಗಿಟಾರ್‌ಗಳಲ್ಲಿ ಲ್ಯಾಕರ್ ಬಿರಿಯುವುದು ಸಹಜ ಎನ್ನುತ್ತಾರೆ ಮಾರಾಟಗಾರರು.

ಗಿಟಾರ್ ದುರಸ್ತಿ ಮಾಡುವವರಿಂದ

ಲ್ಯಾಕರ್ ಬಿರಿಯುವುದು ಸಹಜವೇ. ಆದರೆ ಅಂಥ ಗೆರೆಗಳು ಒಂಟಿಯಾಗಿರುವುದು ಅಪರೂಪ, ಸಾಮಾನ್ಯವಾಗಿ ಮರದ ಎಳೆಗೆ ಅಡ್ಡವಾಗಿ ಹಲವು ಒಟ್ಟಿಗೆ ಸಾಲುಗಟ್ಟಿರುತ್ತವೆ. ಮರದ ಬಿರುಕು ಹಾಗಲ್ಲ. ಅದು ಎಳೆಯನ್ನೇ ಹಿಡಿದು ನಟ್‌ನ ಹಿಂಬದಿಯಿಂದ ಓರೆಯಾಗಿ ಅಂಚಿನವರೆಗೆ ಓಡುತ್ತದೆ. ಅಂಚಿನಲ್ಲಿ ಗೆರೆ ಪಕ್ಕಕ್ಕೆ ತಿರುಗಿ ಮುಂದುವರಿದಿದೆಯೇ ಎಂದು ನೋಡಿ. ತಂತಿಗಳನ್ನು ಪೂರ್ತಿ ಸಡಿಲಿಸಿ ಒಂದು ಚಿತ್ರ, ಶ್ರುತಿಗೆ ಏರಿಸಿ ಇನ್ನೊಂದು, ದೀಪವನ್ನು ಪಕ್ಕದಿಂದ ಹಿಡಿದು ತೆಗೆಯಲು ಹೇಳಿ. ಎರಡನೆಯದರಲ್ಲಿ ಗೆರೆ ಅಗಲವಾದರೆ ಅದು ಬಿರುಕು, ಇನ್ನೂ ಅಂಟಿಸಿಲ್ಲ ಎಂದೂ ಅರ್ಥ. ಅಗಲವಾಗದೆ ಇದ್ದರೂ ನೇರಳಾತೀತ ದೀಪದಲ್ಲಿ ಆ ಜಾಗ ಬೇರೆ ಬಣ್ಣವಾದರೆ ಅಂಟಿಸಿ ಬಳಿದಿದ್ದಾರೆ.

ಹಾಗಿದ್ದರೂ ನಿಮ್ಮ ಮಟ್ಟಿಗೆ ಕೆಟ್ಟ ಸುದ್ದಿಯೇನಲ್ಲ. ನೀವು ನುಡಿಸುವವರು, ಗಾಜಿನ ಕಪಾಟಿನಲ್ಲಿ ಇಡುವವರಲ್ಲ. ಚೆನ್ನಾಗಿ ಅಂಟಿಸಿದ ಹೆಡ್‌ಸ್ಟಾಕ್ ಕೆಲಸಕ್ಕೆ ಬರುತ್ತದೆ, ಬೆಲೆ ಅರ್ಧಕ್ಕೆ ಇಳಿದರೆ ನಾನಾದರೆ ಕೊಳ್ಳುತ್ತೇನೆ. ಈಗಿನ ಬೆಲೆಗೆ ಬೇಡ. ಮಾರಾಟಗಾರರಿಗೆ ಇದನ್ನು ನೇರವಾಗಿ ಬರೆಯಿರಿ, ಉತ್ತರ ಬರುವವರೆಗೆ ಮುಂಗಡ ಕಳಿಸಬೇಡಿ. ಇನ್ನೊಂದು, ನೀವು ಒಂದೇ ಹೆಡ್‌ಸ್ಟಾಕ್‌ನ ಮಾತಾಡಿದ್ದೀರಿ. ಅದು ಯಾವ ನೆಕ್‌ನದು? ಇನ್ನೊಂದರ ಹಿಂಬದಿಯ ಚಿತ್ರವನ್ನೂ ತರಿಸಿಕೊಳ್ಳಿ.