ಮಗಳು ಎಫ್‌ಬಿಎಲ್‌ಎ ನ್ಯಾಷನಲ್ಸ್‌ಗೆ ಆಯ್ಕೆಯಾಗಿದ್ದಾಳೆ. ಹೋಗಿ ಬಂದವರು ಅನುಭವ ಹೇಳ್ತೀರಾ?

ನಮಸ್ಕಾರ ಎಲ್ಲರಿಗೂ. ಮಗಳು ಇಲ್ಲಿ ಅಮೆರಿಕದಲ್ಲಿ ಹೈಸ್ಕೂಲಿನಲ್ಲಿ 10ನೇ ತರಗತಿ. ಎಫ್‌ಬಿಎಲ್‌ಎ ಅಂದರೆ ಫ್ಯೂಚರ್ ಬಿಸಿನೆಸ್ ಲೀಡರ್ಸ್ ಆಫ್ ಅಮೆರಿಕ, ವ್ಯಾಪಾರ ಮತ್ತು ನಾಯಕತ್ವ ಕಲಿಯೋ ವಿದ್ಯಾರ್ಥಿಗಳ ಸಂಘಟನೆ. ಅದರ ರಾಜ್ಯ ಮಟ್ಟದ ಸ್ಪರ್ಧೆಯಲ್ಲಿ ಅವಳ ತಂಡಕ್ಕೆ ಸ್ಥಾನ ಬಂದಿದೆ. ಇವೆಂಟ್ ಎಂಟ್ರಪ್ರೆನರ್‌ಶಿಪ್ (ಸ್ವಂತ ಉದ್ಯಮ ಕಟ್ಟೋ ವಿಷಯ). ಜೂನ್ ಕೊನೆಗೆ ಸ್ಯಾನ್ ಆಂಟೋನಿಯೊದಲ್ಲಿ ನ್ಯಾಷನಲ್ ಲೀಡರ್‌ಶಿಪ್ ಕಾನ್ಫರೆನ್ಸ್. ವಿಮಾನ, ಹೋಟೆಲ್, ನೋಂದಣಿ ಎಲ್ಲ ಸೇರಿ ಖರ್ಚು ದೊಡ್ಡದೇ ಆಗುತ್ತೆ. ಮೊದಲ ಸುತ್ತಿನ ಪರೀಕ್ಷೆ ಬರೀ 50 ನಿಮಿಷದ್ದಂತೆ. ಅಲ್ಲೇ ಹೊರಬಿದ್ದರೆ ಉಳಿದ ದಿನಗಳಲ್ಲಿ ಏನು ಮಾಡ್ತಾಳೆ? ನಮ್ಮ ಯಜಮಾನರು "50 ನಿಮಿಷಕ್ಕೆ ಇಷ್ಟು ದುಡ್ಡಾ?" ಅಂತಿದ್ದಾರೆ. ಅವರ ಮಾತಲ್ಲೂ ನ್ಯಾಯ ಇದೆ ಅನಿಸ್ತಿದೆ. ಕಳಿಸೋದು ಹೌದಾದರೆ ಅವಳನ್ನ ಹೇಗೆ ತಯಾರು ಮಾಡಲಿ?

ಈಗ ಕಾಲೇಜಿನಲ್ಲಿ ಓದುತ್ತಿರುವವರ ಉತ್ತರ:

ಆಂಟಿ, ಮೊದಲು ಅವಳಿಗೆ ನನ್ನ ಕಡೆಯಿಂದ ಅಭಿನಂದನೆ ಹೇಳಿ. ರಾಜ್ಯದಿಂದ ನ್ಯಾಷನಲ್ಸ್‌ಗೆ ಬರೋದೇ ಕಷ್ಟ. ನಾನು 2024ರಲ್ಲಿ ಒರ್ಲ್ಯಾಂಡೊಗೆ ಹೋಗಿದ್ದೆ. ಫೈನಲ್ ತಲುಪಲಿಲ್ಲ. ಆದರೂ ಹೋಗಿದ್ದು ಒಳ್ಳೇದೇ ಆಯ್ತು ಅಂತ ಇವತ್ತಿಗೂ ಅನಿಸುತ್ತೆ. ಯಾಕೆ ಅಂತ ಹೇಳ್ತೀನಿ.

ಅಂಕಲ್ ಇದನ್ನ ಒಂದು ಪರೀಕ್ಷೆ ಅಂದುಕೊಂಡಿದ್ದಾರೆ. ಅದು ಪರೀಕ್ಷೆ ಮಾತ್ರ ಅಲ್ಲ. ಈ ಸಂಘಟನೆಯ ಮೊದಲ ಚಾಪ್ಟರ್ (ಅಂದರೆ ಶಾಲೆಯ ಶಾಖೆ) 1942ರಲ್ಲಿ ಟೆನ್ನೆಸಿಯ ಜಾನ್ಸನ್ ಸಿಟಿಯಲ್ಲಿ, ಒಂದು ಹೈಸ್ಕೂಲಿನಲ್ಲಿ ಶುರುವಾಯ್ತು. ಅದರ ರಾಷ್ಟ್ರೀಯ ಪದಾಧಿಕಾರಿಗಳು ವಿದ್ಯಾರ್ಥಿಗಳೇ. ಅವರನ್ನ ಆರಿಸೋದೂ ವಿದ್ಯಾರ್ಥಿಗಳೇ. ಆ ಚುನಾವಣೆ ನಡೆಯೋದು ಇದೇ ಕಾನ್ಫರೆನ್ಸ್‌ನಲ್ಲಿ. ಪ್ರತಿ ಚಾಪ್ಟರ್‌ಗೂ ಸದಸ್ಯರ ಸಂಖ್ಯೆ ನೋಡಿ ಇಷ್ಟು ಮತದಾರರು ಅಂತ ಇರುತ್ತೆ. ಹಾಗಾಗಿ ಅವಳು ಇವತ್ತೇ ತನ್ನ ಅಡ್ವೈಸರ್ (ಚಾಪ್ಟರ್ ನೋಡಿಕೊಳ್ಳೋ ಶಿಕ್ಷಕರು) ಹತ್ತಿರ ಹೋಗಿ "ನಮ್ಮ ಚಾಪ್ಟರ್‌ನಿಂದ ವೋಟಿಂಗ್ ಡೆಲಿಗೇಟ್ ಯಾರು? ನಾನು ಆಗಬಹುದಾ?" ಅಂತ ಕೇಳಲಿ. ಎಷ್ಟೋ ಶಾಲೆಗಳಲ್ಲಿ ಇದನ್ನ ಕೇಳೋರೇ ಇರಲ್ಲ.

ನಾನು ಡೆಲಿಗೇಟ್ ಆಗಿದ್ದೆ. ಅಭ್ಯರ್ಥಿಗಳೆಲ್ಲ ಒಂದೊಂದು ಬೂತ್ ಹಾಕಿಕೊಂಡು ನಿಂತಿರ್ತಾರೆ. ಪೋಸ್ಟರ್, ಸ್ಟಿಕ್ಕರ್, ಸುತ್ತ ಅವರ ರಾಜ್ಯದ ಹುಡುಗ ಹುಡುಗಿಯರು. ಒಬ್ಬ ಅಭ್ಯರ್ಥಿಯನ್ನ ನಾನು ಕೇಳಿದೆ: "ನಮ್ಮದು ಚಿಕ್ಕ ಚಾಪ್ಟರ್. ಬಸ್ಸಿಗೆ ದುಡ್ಡಿಲ್ಲ ಅಂತ ಜಿಲ್ಲಾ ಸ್ಪರ್ಧೆಗೇ ಅರ್ಧ ಜನ ಬರಲ್ಲ. ನಮಗೆ ನೀವು ಏನು ಮಾಡ್ತೀರಿ?" ಅವಳು ಕೈಯಲ್ಲಿದ್ದ ಕರಪತ್ರಗಳನ್ನ ಮೇಜಿನ ಮೇಲಿಟ್ಟಳು. ನಿಮ್ಮ ಊರಲ್ಲಿ ಯಾವ್ಯಾವ ವ್ಯಾಪಾರದವರು ಇದ್ದಾರೆ, ಯಾರನ್ನ ಕೇಳಿದ್ದೀರಿ, ಅವರು ಏನಂದರು ಅಂತ ನನ್ನನ್ನೇ ತಿರುಗಿ ಕೇಳಿದಳು. ನಾನು ಹೇಳಿದ್ದನ್ನ ಬರೆದುಕೊಂಡಳು. ಪಕ್ಕದ ಬೂತಿನವನಿಗೂ ಅದೇ ಪ್ರಶ್ನೆ ಹಾಕಿದೆ. ಬಾಯಿಪಾಠ ಮಾಡಿದ ಭಾಷಣ ಒಪ್ಪಿಸಿ ಸ್ಟಿಕ್ಕರ್ ಕೊಟ್ಟ. ಯಾರಿಗೆ ವೋಟ್ ಹಾಕಬೇಕು ಅಂತ ನನಗೆ ಅಲ್ಲೇ ಗೊತ್ತಾಯ್ತು. ನಾಯಕತ್ವದ ಬಗ್ಗೆ ಎಷ್ಟೋ ವರ್ಕ್‌ಶಾಪ್ ಕೇಳಿದ್ದೇನೆ. ಆ ಎರಡು ಬೂತುಗಳಷ್ಟು ಯಾವುದೂ ಮನಸ್ಸಿನಲ್ಲಿ ಉಳಿದಿಲ್ಲ.

ಇನ್ನು ಪಿನ್‌ಗಳು. ಪ್ರತಿ ರಾಜ್ಯದವರ ಹತ್ತಿರವೂ ತಮ್ಮದೇ ಪಿನ್ ಇರುತ್ತೆ. ಮಕ್ಕಳು ಅದನ್ನ ಅದಲು ಬದಲು ಮಾಡಿಕೊಳ್ತಾರೆ. ಅವಳ ಕೈಗೆ ಒಂದಿಷ್ಟು ಪಿನ್ ಕೊಟ್ಟು ಕಳಿಸಿ. ಮಾತಾಡೋಕೆ ಸಂಕೋಚ ಪಡೋ ಮಕ್ಕಳಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. "ನಿಂದು ಯಾವ ರಾಜ್ಯ?" ಅಂತ ಶುರುವಾದರೆ ಮುಂದಿನ ಮಾತು ತಾನಾಗೇ ಬರುತ್ತೆ. ಇಡೀ ದಿನ ತನ್ನ ಶಾಲೆಯವರ ಜೊತೆಗೇ ಓಡಾಡಬೇಡ ಅಂತ ಮಾತ್ರ ಹೇಳಿ. ಅಷ್ಟು ದೂರ ಹೋಗಿ ಅದೇ ಗುಂಪಲ್ಲಿ ಕೂತು ಬರೋ ಮಕ್ಕಳೇ ಜಾಸ್ತಿ.

ಶಾಪರೋನ್ ಆಗಿ (ಮಕ್ಕಳನ್ನ ನೋಡಿಕೊಳ್ಳೋಕೆ ಜೊತೆಗೆ) ಹೋಗಿದ್ದ ಒಬ್ಬ ತಾಯಿಯ ಉತ್ತರ:

ನಾನು 2023ರಲ್ಲಿ ಅಟ್ಲಾಂಟಾಗೆ ಮಕ್ಕಳ ಜೊತೆ ಹೋಗಿದ್ದೆ. ದುಡ್ಡಿನ ವಿಷಯ ಮೊದಲು ಹೇಳಿಬಿಡ್ತೀನಿ. ಪೂರ್ತಿ ಖರ್ಚನ್ನ ನೀವೇ ಹೊರಬೇಕು ಅಂದುಕೊಳ್ಳಬೇಡಿ. ಶಾಲೆಯ ಆಡಳಿತ, ಸ್ಕೂಲ್ ಡಿಸ್ಟ್ರಿಕ್ಟ್, ಪೋಷಕರ ಸಂಘ, ಊರಿನ ಬ್ಯಾಂಕು, ಅಂಗಡಿಗಳು, ಎಲ್ಲರನ್ನೂ ಕೇಳಬಹುದು. ಕೇಳೋ ಪತ್ರವನ್ನ ಮಕ್ಕಳೇ ಬರೆಯಲಿ, ಮಕ್ಕಳೇ ಹೋಗಿ ಮಾತಾಡಲಿ. ಎಂಟ್ರಪ್ರೆನರ್‌ಶಿಪ್ ತಂಡ ಅಲ್ವಾ, ಇದಕ್ಕಿಂತ ಒಳ್ಳೆ ಅಭ್ಯಾಸ ಎಲ್ಲಿ ಸಿಗುತ್ತೆ? ಕೋಣೆ ಹಂಚಿಕೊಂಡರೆ ಹೋಟೆಲ್ ಖರ್ಚು ಇಳಿಯುತ್ತೆ.

ಬಟ್ಟೆ ವಿಷಯದಲ್ಲಿ ಅವರು ಕಟ್ಟುನಿಟ್ಟು. ಡ್ರೆಸ್ ಕೋಡ್ ಬರಹದಲ್ಲೇ ಇರುತ್ತೆ, ಅದನ್ನ ಓದಿ. ಜೀನ್ಸ್, ಟೀ ಶರ್ಟ್ ನಡೆಯಲ್ಲ. ಕೊರಳಲ್ಲಿ ಬ್ಯಾಡ್ಜ್ ಇರಲೇಬೇಕು. ಬ್ಲೇಜರ್ ತೆಗೆದುಕೊಳ್ಳುವಾಗ ಅದನ್ನ ಹಾಕಿಕೊಂಡು ಕೈ ಎತ್ತಿ, ಕೂತು, ಎದ್ದು ನೋಡಲಿ. ಬಿಗಿಯಾದ ಬ್ಲೇಜರಿನಲ್ಲಿ ಮಕ್ಕಳು ಸರಿಯಾಗಿ ಉಸಿರೇ ಬಿಡಲ್ಲ. ಶೂ ಅಂತೂ ಹೊಸದು ಬೇಡವೇ ಬೇಡ. ಕನ್ವೆನ್ಷನ್ ಸೆಂಟರ್ ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೇ ಸುಸ್ತಾಗುವಷ್ಟು ಜಾಗ. ಟೆಕ್ಸಸ್‌ನಲ್ಲಿ ಜೂನ್ ಕೊನೆಗೆ ಹೊರಗೆ ಸುಡೋ ಬಿಸಿಲು, ಒಳಗೆ ಏಸಿ ಚಳಿ. ಎರಡಕ್ಕೂ ತಯಾರಾಗಿ ಹೋಗಲಿ.

ರಾತ್ರಿ ಕರ್ಫ್ಯೂ ಇರುತ್ತೆ, ಆದರೆ ಕೋಣೆಯೊಳಗೆ ಮಕ್ಕಳು ಮಲಗಬೇಕಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಫೋನ್ ದೂರ ಇಡ್ತೀವಿ ಅಂತ ತಂಡದವರೇ ಮೊದಲೇ ಮಾತಾಡಿಕೊಳ್ಳಲಿ. ನಾವು ಹೇಳಿದರೆ ಕೇಳಲ್ಲ.

ತೀರ್ಪುಗಾರರಾಗಿದ್ದ ಒಬ್ಬರ ಉತ್ತರ:

ಮೇಡಂ, 2025ರಲ್ಲಿ ಅನಹೈಮ್‌ನಲ್ಲಿ ನಾನು ರೋಲ್ ಪ್ಲೇ (ಕೊಟ್ಟ ಪಾತ್ರದಲ್ಲಿ ನಿಂತು ಸಮಸ್ಯೆ ಬಿಡಿಸೋ) ಇವೆಂಟ್‌ಗೆ ಸ್ವಯಂಸೇವಕ ಜಡ್ಜ್ ಆಗಿದ್ದೆ. ನಿಮ್ಮ ಮಗಳ ತಂಡ ಪರೀಕ್ಷೆ ದಾಟಿದರೆ ಮುಂದೆ ಬರೋದು ಇದೇ. ಒಂದು ಸಮಸ್ಯೆ ಕೊಡ್ತಾರೆ. ತಯಾರಿಗೆ 20 ನಿಮಿಷ, ನಮ್ಮೆದುರು 7 ನಿಮಿಷ.

ನಮ್ಮ ಕೈಯಲ್ಲಿ ಅಂಕದ ಹಾಳೆ ಇರುತ್ತೆ. ಅದು ಗುಟ್ಟೇನಲ್ಲ, ಎಫ್‌ಬಿಎಲ್‌ಎ ವೆಬ್‌ಸೈಟಿನಲ್ಲೇ ನಿಯಮಗಳ ಜೊತೆ ಸಿಗುತ್ತೆ. ಆದರೂ ಅದನ್ನ ನೋಡದೆ ಬಂದವರು ಕೂತ ತಕ್ಷಣ ಗೊತ್ತಾಗ್ತಾರೆ. ಹಾಳೆಯಲ್ಲಿ ಸಮಸ್ಯೆ ಅರ್ಥವಾಗಿದೆಯಾ, ಬೇರೆ ದಾರಿಗಳನ್ನ ತೂಗಿ ನೋಡಿದ್ದಾರಾ, ಕೊಟ್ಟ ಪರಿಹಾರಕ್ಕೆ ಕಾರಣ ಇದೆಯಾ ಅಂತ ಬೇರೆ ಬೇರೆ ಸಾಲು ಇರುತ್ತೆ. ಚೆನ್ನಾಗಿ ಮಾತಾಡೋ ಮಕ್ಕಳು ನೇರ ಪರಿಹಾರಕ್ಕೆ ಹಾರಿಬಿಡ್ತಾರೆ, ನಡುವಿನ ಸಾಲಿನ ಅಂಕ ಖಾಲಿ. ನೋಡ್ತಾ ಕೂತ ನನಗೇ ಹೊಟ್ಟೆ ಚುರುಕ್ ಅನ್ನುತ್ತೆ.

ತಂಡದಲ್ಲಿ ಎಲ್ಲರೂ ಮಾತಾಡಬೇಕು. ಒಬ್ಬಳೇ ಎಲ್ಲ ಹೇಳಿ ಉಳಿದವರು ತಲೆಯಾಡಿಸಿದರೆ ಕಷ್ಟ. ಮನೆಯಲ್ಲಿ ಅಭ್ಯಾಸ ಮಾಡುವಾಗ ಅಂಕಲ್ ಅವರನ್ನೇ ಗ್ರಾಹಕರನ್ನಾಗಿ ಕೂರಿಸಿ. ದುಡ್ಡಿನ ಬಗ್ಗೆ ಅನುಮಾನ ಇರೋರು ಒಳ್ಳೇ ಗ್ರಾಹಕರು. ಅವರು ಅಡ್ಡ ಪ್ರಶ್ನೆ ಹಾಕಲಿ, ಮಕ್ಕಳು ಪಟ್ಟು ಬಿಡದೆ, ಸೌಜನ್ಯ ಬಿಡದೆ ಉತ್ತರಿಸಲಿ.

ಇನ್ನೊಬ್ಬರ ಉತ್ತರ:

ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸಾಲ ಮಾಡಿ ಕಳಿಸೋ ಪರಿಸ್ಥಿತಿ ಇದ್ದರೆ ಈ ವರ್ಷ ಬಿಡಿ. ಅವಳಿಗೆ ಇನ್ನೂ ಎರಡು ವರ್ಷ ಹೈಸ್ಕೂಲ್ ಇದೆ. ಕಾಲೇಜು ಅರ್ಜಿಗೆ ಒಂದು ಸಾಲು ಸಿಗುತ್ತೆ ಅನ್ನೋ ಕಾರಣಕ್ಕೆ ಕಳಿಸ್ತಿದ್ದರಂತೂ ಬೇಡ. ರಾಜ್ಯದಲ್ಲಿ ಗೆದ್ದಿದ್ದನ್ನ ಈಗಲೇ ಬರೆಯಬಹುದು. ಆದರೆ ಅವಳಿಗೇ ಹೋಗಬೇಕು ಅನ್ನೋ ಆಸೆ ಇದ್ದು, ನಿಮ್ಮಿಂದ ಆಗುತ್ತೆ ಅಂತಿದ್ದರೆ ಕಳಿಸಿ.

ಕೇಳಿದವರ ಮರುಪ್ರಶ್ನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಸೆ ಅವಳದ್ದೇ. ಯಜಮಾನರು ಗ್ರಾಹಕರಾಗಿ ಕೂರೋಕೆ ಒಪ್ಪಿದ್ದಾರೆ, ಟಿಕೆಟ್ ಬಗ್ಗೆ ಇನ್ನೂ ಯೋಚನೆ ಮಾಡ್ತಿದ್ದಾರೆ. ಫೈನಲ್ ಪಟ್ಟಿಯಲ್ಲಿ ಹೆಸರು ಬರದಿದ್ದರೆ ಅವತ್ತಿಗೆ ಏನು ಮಾಡಬೇಕು ಅಂತ ಅವಳಿಗೆ ಮೊದಲೇ ಏನಾದರೂ ಹೇಳಿರಲಾ?

ಕಾಲೇಜು ವಿದ್ಯಾರ್ಥಿಯ ಉತ್ತರ:

ಹೇಳಿ ಆಂಟಿ, ಮೊದಲೇ ಹೇಳಿದ್ದರೆ ಒಳ್ಳೇದು. ಆ ಹೊತ್ತಿಗೆ ಅಳು ಬರುತ್ತೆ, ಬರಲಿ. ಆಮೇಲೆ ಪ್ರೆಸೆಂಟೇಷನ್ ಇವೆಂಟ್‌ಗಳ ಫೈನಲ್ ನೋಡೋಕೆ ಹೋಗಲಿ. ರೋಲ್ ಪ್ಲೇಗೆ ಹೊರಗಿನವರನ್ನ ಬಿಡಲ್ಲ. ಪ್ರೆಸೆಂಟೇಷನ್ ಫೈನಲ್‌ಗಳಿಗೆ ಜಾಗ ಇದ್ದರೆ ಬ್ಯಾಡ್ಜ್ ಇರೋರನ್ನ ಒಳಗೆ ಬಿಡೋದುಂಟು. ನೋಟ್‌ಬುಕ್ ಇಟ್ಟುಕೊಂಡು ಕೂರಲಿ. ಜಡ್ಜ್‌ಗಳು ಏನೇನು ಪ್ರಶ್ನೆ ಕೇಳ್ತಾರೆ ಅನ್ನೋದನ್ನ ಮಾತ್ರ ಬರೆದುಕೊಳ್ಳಲಿ, ಉತ್ತರ ಬೇಡ. ಮುಂದಿನ ವರ್ಷದ ತಯಾರಿಗೆ ಆ ಪ್ರಶ್ನೆಗಳೇ ಸಾಕು. ಮತ ಹಾಕೋ ಸಮಯ ಯಾವಾಗ ಅಂತ ನೋಡಿಕೊಂಡಿರಲಿ, ಅದನ್ನ ತಪ್ಪಿಸಬಾರದು.